ಹಸಿರು ಗೆರೆಯ ನಿಕೋಸಿಯ

ಮೆಡಿಟರೇನಿಯನ್ ಸಮುದ್ರದ ಮೂಡಣ ಮೂಲೆಯಲ್ಲಿರುವ ಸೈಪ್ರಸ್ ದ್ವೀಪದಲ್ಲಿ ಎರಡು ಪರ್ವತಶ್ರೇಣಿಗಳಿವೆ. ಬಡಗಣ ಕರಾವಳಿಯ ಅಂಚಿನಲ್ಲಿ, ಐದು ಬೆರಳನ್ನು ಎತ್ತಿ ಹಿಡಿದಂತೆ ಕಾಣುವುದು ಪೆಂಟದಾಕ್ಟಿಲೋಸ್. ನೈಋತ್ಯದಲ್ಲಿ ದೇವದಾರುಗಳ ತ್ರೋದೋಸ್. ಇವೆರಡರ ನಡುವೆ ಬಿಸಿಲಿಗೆ ಕಾದ ವಿಶಾಲವಾದ ಬಯಲು. ಬಯಲಿನ ನಡುವೆ ರಾಜಧಾನಿ. ಗ್ರೀಕರು ಅದನ್ನು ಲೆಫ್ಕೊಸಿಯ ಎನ್ನುವರು, ತುರ್ಕರು ಲೆಫ್ಕೋಶ ಎನ್ನುವರು, ಹೊರಗಿನ ಲೋಕ ನಿಕೋಸಿಯ ಎನ್ನುವುದು. ಮೂರು ಹೆಸರಿನ ಊರುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಆದರೆ ಒಂದು ಹೆಸರನ್ನು ನುಡಿದ ಮಾತ್ರಕ್ಕೆ ನುಡಿದವನು ಯಾವ ಪಕ್ಷದವನೆಂದು ತಿಳಿದುಹೋಗುವ ಊರುಗಳು ಅಷ್ಟಿಲ್ಲ.

ಊರಿನ ನಕ್ಷೆಯನ್ನು ನೋಡಿದವರು ಬೇಗ ಮರೆಯಲಾರರು. ತುರ್ಕರ ದಾಳಿಯನ್ನು ನಿರೀಕ್ಷಿಸಿ ವೆನಿಸ್ಸಿನವರು 1567ರಲ್ಲಿ ಹಳೆಯ ಕೋಟೆಯನ್ನು ಕೆಡವಿ, ಜೂಲಿಯೊ ಸವೊರ್ನ್ಯಾನೊ ಎಂಬ ಶಿಲ್ಪಿಯಿಂದ ಹೊಸದನ್ನು ಕಟ್ಟಿಸಿದರು. ಸುತ್ತಳತೆ ಸುಮಾರು ಮೂರು ಮೈಲಿ, ಬಾಣದ ಮೊನೆಗಳಂತಹ ಹನ್ನೊಂದು ಕೊತ್ತಳಗಳು, ಮೂರು ಹೆಬ್ಬಾಗಿಲುಗಳು. ಮೇಲಿನಿಂದ ನೋಡಿದರೆ ಯಾರೋ ಬಯಲಿನಲ್ಲಿ ನಕ್ಷತ್ರದ ರಂಗೋಲಿ ಇಟ್ಟಂತಿದೆ. ಇಷ್ಟೆಲ್ಲ ಶ್ರಮಪಟ್ಟರೂ 1570ರ ಸೆಪ್ಟೆಂಬರಿನಲ್ಲಿ ಊರು ತುರ್ಕರ ವಶವಾಯಿತು. ಇಂದು ಆ ಹನ್ನೊಂದು ಕೊತ್ತಳಗಳಲ್ಲಿ ಐದು ತೆಂಕಣ ಪಾಲಿಗೆ, ಐದು ಬಡಗಣ ಪಾಲಿಗೆ ಸೇರಿವೆ. ಉಳಿದ ಒಂದು, ಫ್ಲಾತ್ರೊ ಎಂಬುದು, ವಿಶ್ವಸಂಸ್ಥೆಯ ಕಾವಲಿನ ನಿರ್ಜನ ವಲಯದಲ್ಲಿದೆ. ನ್ಯಾಯಸ್ಥಾನದಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರೂ ಇಷ್ಟು ಲೆಕ್ಕಾಚಾರ ಬರಲಿಕ್ಕಿಲ್ಲ.

ಪ್ರವಾಸಿ ಸಾಮಾನ್ಯವಾಗಿ ತೆಂಕಣದಿಂದ, ಲೆದ್ರಾ ಬೀದಿಯ ಮೂಲಕ, ಊರೊಳಗೆ ಬರುತ್ತಾನೆ. ಎರಡು ಕಡೆಯೂ ಬಟ್ಟೆಯಂಗಡಿ, ಪಾದರಕ್ಷೆಯಂಗಡಿ, ನೆರಳಿನಲ್ಲಿ ಮೇಜು ಹಾಕಿದ ಕಾಫಿಯ ಅಂಗಡಿಗಳು. ಬೀದಿ ಮುಗಿಯುವ ಮೊದಲೇ ಪೋಲೀಸರ ಒಂದು ಕಟ್ಟೆ ಎದುರಾಗುತ್ತದೆ. ಅಲ್ಲಿ ರಹದಾರಿ ತೋರಿಸಿ ಕೆಲವು ಹೆಜ್ಜೆ ನಡೆದರೆ ಇನ್ನೊಂದು ಕಟ್ಟೆ, ಬೇರೆ ಸಮವಸ್ತ್ರ, ಮತ್ತೆ ರಹದಾರಿ. ಆ ಕೆಲವು ಹೆಜ್ಜೆಗಳ ಎಡಬಲಕ್ಕೆ ಬಾಗಿಲು ಕಿತ್ತ, ಚಾವಣಿ ಕುಸಿದ ಮನೆಗಳು, ಮರಳಿನ ಚೀಲಗಳು, ತುಕ್ಕು ಹಿಡಿದ ಪೀಪಾಯಿಗಳು. ಬೆಕ್ಕುಗಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಓಡಾಡುತ್ತವೆ. ಆಚೆ ದಾಟಿದರೆ ಯೂರೋ ಹೋಗಿ ಲಿರಾ ಬರುತ್ತದೆ, ಗ್ರೀಕ್ ಲಿಪಿ ಹೋಗಿ ರೋಮನ್ ಲಿಪಿ ಬರುತ್ತದೆ. ಕಾಫಿ ಮಾತ್ರ ಅದೇ: ಚಿಕ್ಕ ಹಿಡಿಪಾತ್ರೆಯಲ್ಲಿ ಕುದಿಸಿ ಗಷ್ಟು ಸಹಿತ ಬಗ್ಗಿಸಿದ ಕಪ್ಪು ಕಾಫಿ. ತೆಂಕಣದಲ್ಲಿ ಅದನ್ನು ತುರ್ಕಿ ಕಾಫಿ ಎಂದು ಕೇಳಿದವನಿಗೆ ಕಾಫಿ ಸಿಕ್ಕರೂ ಪ್ರಸನ್ನವಾದ ಮುಖ ಸಿಕ್ಕುವುದು ಕಷ್ಟ.

ಸ್ವಲ್ಪ ದೂರದಲ್ಲಿ ಬುಯುಕ್ ಹಾನ್ ಎಂಬ ಹಳೆಯ ವರ್ತಕರ ಛತ್ರ. ಅದರಾಚೆ ಸೆಲಿಮಿಯೆ ಮಸೀದಿ. 13ನೆಯ ಶತಮಾನದ ಆದಿಯಲ್ಲಿ ಫ್ರೆಂಚ್ ವಂಶದ ಅರಸರ ಕಾಲದಲ್ಲಿ ಸಂತ ಸೋಫಿಯಾ ಮಹಾದೇವಾಲಯವೆಂದು ಅದನ್ನು ಕಟ್ಟತೊಡಗಿದರು. ಗಾಥಿಕ್ ಕಮಾನುಗಳ ಮೇಲೆ ಎರಡು ಮಿನಾರುಗಳನ್ನು ಹೊತ್ತು ನಿಂತ ಆ ಕಟ್ಟಡವನ್ನು ನೋಡಿದರೆ, ಈ ಊರು ಯಾವ ಒಂದು ಜನಾಂಗದ ಸ್ವತ್ತೂ ಆಗಿರಲಿಲ್ಲವೆಂಬುದಕ್ಕೆ ಬೇರೆ ಸಾಕ್ಷ್ಯ ಬೇಡ.

ಹಾಗಿದ್ದರೆ ಗೆರೆ ಹೇಗೆ ಬಂತು? 1878ರಲ್ಲಿ ಬ್ರಿಟಿಷರು ದ್ವೀಪದ ಆಡಳಿತವನ್ನು ವಹಿಸಿಕೊಂಡಾಗ ಇಲ್ಲಿ ಕ್ರೈಸ್ತರೂ ಮುಸಲ್ಮಾನರೂ ಇದ್ದರು; ಅವರು ಗ್ರೀಕ್ ರಾಷ್ಟ್ರೀಯರೂ ತುರ್ಕಿ ರಾಷ್ಟ್ರೀಯರೂ ಆಗಿ ಮಾರ್ಪಟ್ಟದ್ದು ಮುಖ್ಯವಾಗಿ ಶಾಲೆಗಳ ಪಾಠಪುಸ್ತಕಗಳಿಂದ, ಹೊರಗಿನ ಎರಡು ರಾಜಧಾನಿಗಳಿಂದ ಬಂದ ಬಾವುಟಗಳಿಂದ. 1955ರ ಏಪ್ರಿಲ್ 1ರಂದು ಗ್ರೀಕ್ ಯುವಕರ ಗುಪ್ತಸಂಘವು ಬ್ರಿಟಿಷರ ಮೇಲೆ ಬಾಂಬುಗಳಿಂದ ಯುದ್ಧ ಸಾರಿತು. ಅವರಿಗೆ ಬೇಕಾಗಿದ್ದುದು ಬರಿಯ ಸ್ವಾತಂತ್ರ್ಯವಲ್ಲ, ಎನೋಸಿಸ್, ಎಂದರೆ ಗ್ರೀಸಿನೊಡನೆ ಐಕ್ಯ. ಇದಕ್ಕೆ ತುರ್ಕರು ಕೊಟ್ಟ ಪ್ರತ್ಯುತ್ತರ ತಕ್ಸಿಮ್. ಉರ್ದು ಬಲ್ಲ ಭಾರತೀಯರಿಗೆ ಈ ಪದದ ಅರ್ಥವನ್ನು ಹೇಳಬೇಕಾಗಿಲ್ಲ. 1947ರಲ್ಲಿ ಅವರು ಅದನ್ನು ಕೇಳಿದ್ದರು. ಇಂದು ಪಾದರಕ್ಷೆ ಮಾರುವ ಲೆದ್ರಾ ಬೀದಿಗೆ ಆ ವರ್ಷಗಳಲ್ಲಿ ಆಂಗ್ಲ ಪತ್ರಿಕೆಗಳು ಇಟ್ಟ ಹೆಸರು ಕೊಲೆಯ ಬೀದಿ.

1960ರ ಆಗಸ್ಟ್ 16ರಂದು ಗಣರಾಜ್ಯ ಹುಟ್ಟಿತು. ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚು ಗ್ರೀಕರು, ಐದನೆಯ ಒಂದು ಪಾಲಿಗಿಂತ ತುಸು ಕಡಮೆ ತುರ್ಕರು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷರು, ಡಾಕ್ಟರ್ ಫಾಜಿಲ್ ಕೂಚುಕ್ ಉಪಾಧ್ಯಕ್ಷರು. ಈ ರಾಜ್ಯವು ಮೂರು ವರ್ಷಗಳಲ್ಲೇ ಮುರಿದುಬಿದ್ದುದಕ್ಕೆ ಕಾರಣಗಳನ್ನು ಎಣಿಸುವವರು ಸೈನ್ಯ, ತೆರಿಗೆ, ನೌಕರಿಗಳ ಪ್ರಮಾಣ ಎಂದು ದೊಡ್ಡ ಸಂಗತಿಗಳನ್ನೇ ಹೇಳುತ್ತಾರೆ. ಅವುಗಳ ನಡುವೆ ಒಂದು ಸಣ್ಣ ಸಂಗತಿಯೂ ಇತ್ತು: ಪುರಸಭೆ. ಐದು ದೊಡ್ಡ ಪಟ್ಟಣಗಳಲ್ಲಿ ಗ್ರೀಕರಿಗೂ ತುರ್ಕರಿಗೂ ಪ್ರತ್ಯೇಕ ಪುರಸಭೆಗಳಿರತಕ್ಕದ್ದೆಂದು ಸಂವಿಧಾನದ 173ನೆಯ ವಿಧಿ ಹೇಳಿತ್ತು. ನಿಕೋಸಿಯದ ತುರ್ಕರು 1958ರಲ್ಲೇ ತಮ್ಮದನ್ನು ಬೇರೆ ಮಾಡಿಕೊಂಡಿದ್ದರು. ಆದರೆ ಒಂದು ಬೀದಿಯ ಬಲಬದಿಯಲ್ಲಿ ಗ್ರೀಕನ ಅಂಗಡಿ, ಎಡಬದಿಯಲ್ಲಿ ತುರ್ಕನ ಮನೆ ಇರುವಾಗ ಗಡಿಯನ್ನು ಎಳೆಯುವುದೆಲ್ಲಿ? ಆ ಬೀದಿಯ ದೀಪಕ್ಕೆ ಎಣ್ಣೆ ಯಾರದು, ಕಸಕ್ಕೆ ಗಾಡಿ ಯಾರದು? ಪ್ರತ್ಯೇಕ ಪುರಸಭೆಯೆಂದರೆ ದೇಶವಿಭಜನೆಯ ಮೊಳಕೆಯೆಂದು ಗ್ರೀಕರು ಭಯಪಟ್ಟರು; ಒಂದೇ ಪುರಸಭೆಯೆಂದರೆ ಬಹುಸಂಖ್ಯಾತರ ಕೈಗೆ ಕತ್ತನ್ನು ಒಪ್ಪಿಸಿದಂತೆಂದು ತುರ್ಕರು ಭಯಪಟ್ಟರು. ಎರಡು ಭಯಗಳೂ ನಿರಾಧಾರವಾಗಿರಲಿಲ್ಲ. 1963ರ ಏಪ್ರಿಲ್‌ನಲ್ಲಿ ಸಂವಿಧಾನ ನ್ಯಾಯಾಲಯವು ಎರಡು ಪಕ್ಷದವರ ಕ್ರಮಗಳನ್ನೂ ಅಸಿಂಧುವೆಂದು ತೀರ್ಪಿತ್ತಿತು. ನವೆಂಬರಿನಲ್ಲಿ ಮಕಾರಿಯೋಸರು ಮುಂದಿಟ್ಟ 13 ತಿದ್ದುಪಡಿಗಳಲ್ಲಿ ಪುರಸಭೆಗಳನ್ನು ಒಂದುಗೂಡಿಸಬೇಕೆಂಬುದೂ ಒಂದು. ಡಿಸೆಂಬರ್ 21ರಂದು ರಕ್ತ ಹರಿಯಿತು.

ಕದನವನ್ನು ನಿಲ್ಲಿಸಲು ಬಂದ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್, ಡಿಸೆಂಬರ್ 30ರಂದು ನಗರದ ನಕ್ಷೆಯ ಮೇಲೆ ಕದನವಿರಾಮದ ಗಡಿಯನ್ನು ಗುರುತಿಸಿದರು. ಕೈಯಲ್ಲಿದ್ದ ಸೀಸದ ಬಣ್ಣ ಹಸಿರು. ಆದುದರಿಂದ ಅದು ಹಸಿರು ಗೆರೆ. ಕೆಲವು ವಾರಗಳಿಗೆಂದು ಎಳೆದದ್ದು. ಮುಂದಿನ ತಿಂಗಳುಗಳಲ್ಲಿ ಸುಮಾರು 25,000 ತುರ್ಕರು ಮನೆಗಳನ್ನು ಬಿಟ್ಟು ಇಕ್ಕಟ್ಟಾದ ಕೇರಿಗಳಲ್ಲಿ ಆಶ್ರಯ ಪಡೆದರು. 1964ರ ಮಾರ್ಚಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಅದರ ಮೊದಲ ದಂಡನಾಯಕರು ಭಾರತದ ಜನರಲ್ ಗ್ಯಾನಿ. ಅವರ ತರುವಾಯ ಆ ಭಾರವನ್ನು ಹೊತ್ತವರು ಕೊಡಗಿನ ವೀರಪುತ್ರ ಜನರಲ್ ತಿಮ್ಮಯ್ಯನವರು. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಈ ಮಹನೀಯರು 1965ರ ಡಿಸೆಂಬರ್ 18ರಂದು, ಕರ್ತವ್ಯದಲ್ಲಿದ್ದಾಗಲೇ, ಸೈಪ್ರಸ್ಸಿನಲ್ಲಿ ದೇಹವಿಟ್ಟರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು.

1974ರ ಜುಲೈ 15ರಂದು, ಗ್ರೀಸಿನ ಸೈನಿಕ ಸರ್ವಾಧಿಕಾರಿಗಳ ಪ್ರೇರಣೆಯಿಂದ ಮಕಾರಿಯೋಸರನ್ನು ಉರುಳಿಸುವ ಸಂಚು ನಡೆಯಿತು. 20ರಂದು ತುರ್ಕಿಯ ಸೈನ್ಯ ದ್ವೀಪದ ಮೇಲಿಳಿಯಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರೀಕರು ತೆಂಕಣಕ್ಕೆ, ನಲವತ್ತು ಸಾವಿರಕ್ಕೂ ಮಿಕ್ಕು ತುರ್ಕರು ಬಡಗಣಕ್ಕೆ, ಉಟ್ಟ ಬಟ್ಟೆಯಲ್ಲಿ ಹೊರಟರು. ಅಂದು ಶಾಂತಿಪಡೆಯ ಮುಖ್ಯರಾಗಿದ್ದವರು ಮತ್ತೊಬ್ಬ ಭಾರತೀಯರು, ಜನರಲ್ ಪ್ರೇಮ್ ಚಂದ್. ನಗರದ ವಿಮಾನನಿಲ್ದಾಣವನ್ನು ವಿಶ್ವಸಂಸ್ಥೆಯ ರಕ್ಷಿತ ಪ್ರದೇಶವೆಂದು ಸಾರಿ ಇಬ್ಬರ ಕೈಗೂ ಸಿಗದಂತೆ ಉಳಿಸಿದರು. ಅಲ್ಲಿ ಇಂದಿಗೂ ಒಂದು ಹಳೆಯ ವಿಮಾನ ತುಕ್ಕು ಹಿಡಿಯುತ್ತ ನಿಂತಿದೆ. ಗೆರೆ ಈಗ ದ್ವೀಪವನ್ನೇ ಸೀಳಿ ಸುಮಾರು 180 ಕಿಲೋಮೀಟರು ಉದ್ದದ ಪಟ್ಟಿಯಾಯಿತು. ಅದರ ಅಗಲ ಬಯಲಿನಲ್ಲಿ ಕೆಲವು ಕಿಲೋಮೀಟರು. ಹಳೆಯ ನಗರದ ಓಣಿಗಳಲ್ಲಿ ಕೆಲವೇ ಮಾರು.

ಆದರೆ ನೆಲದ ಮೇಲೆ ಕತ್ತರಿಸಿದಂತೆ ನೆಲದ ಕೆಳಗೆ ಕತ್ತರಿಸಲು ಬರಲಿಲ್ಲ. 1974ಕ್ಕೆ ಮೊದಲು ವಿಶ್ವ ಬ್ಯಾಂಕಿನ ಸಾಲದಿಂದ ಇಡೀ ನಗರಕ್ಕೆ ಒಂದೇ ಒಳಚರಂಡಿಯ ಕೆಲಸ ನಡೆದಿತ್ತು. ಕೊಳವೆಗಳ ಬಹುಪಾಲು ತೆಂಕಣದಲ್ಲಿ. ಕೊಳಚೆಯನ್ನು ಶುದ್ಧಿಮಾಡುವ ಸ್ಥಾವರ ಬಡಗಣದಲ್ಲಿ ಉಳಿಯಿತು. ನೆಲದ ಇಳಿಜಾರು ಸೈನ್ಯಗಳ ಆಜ್ಞೆಯನ್ನು ಪಾಲಿಸುವುದಿಲ್ಲವಷ್ಟೆ. ತೆಂಕಣದವರಿಗೆ ಸ್ಥಾವರವಿಲ್ಲದೆ ಕೊಳವೆ ವ್ಯರ್ಥ. ಬಡಗಣದವರಿಗೆ ಕೊಳವೆಯಿಲ್ಲದೆ ಸ್ಥಾವರ ವ್ಯರ್ಥ. ತೆಂಕಣದ ಮೇಯರ್ ಲೆಲ್ಲೋಸ್ ದೆಮೆಟ್ರಿಯಾದಿಸ್ ವಕೀಲರು. ಬಡಗಣದ ಮೇಯರ್ ಮುಸ್ತಫಾ ಅಕಿಂಜಿ ವಾಸ್ತುಶಿಲ್ಪಿ, ಆಗಿನ್ನೂ ಮೂವತ್ತರ ಆಸುಪಾಸಿನ ತರುಣರು. 1978ರಲ್ಲಿ ಇವರಿಬ್ಬರೂ ಮಾತಿಗೆ ಕುಳಿತರು. ಒಬ್ಬರ ಪದವಿಯನ್ನು ಇನ್ನೊಬ್ಬರ ಸರ್ಕಾರ ಒಪ್ಪುತ್ತಿರಲಿಲ್ಲವಾದ್ದರಿಂದ ಮೇಯರ್ ಎಂಬ ಮಾತನ್ನು ಬದಿಗಿಟ್ಟು, ತಂತಮ್ಮ ಸಮುದಾಯದ ಪ್ರತಿನಿಧಿಗಳೆಂದಾದರು. ದೇಶದ್ರೋಹದ ಮಾತು ಎರಡು ಕಡೆಯೂ ಸುಲಭವಾಗಿ ಕೇಳಿಬರುತ್ತಿದ್ದ ದಿನಗಳವು. ಆದರೂ ಒಪ್ಪಂದವಾಯಿತು, 1980ರ ಹೊತ್ತಿಗೆ ಎರಡು ನಗರಗಳ ಮಲಿನ ಒಂದೇ ಕೊಳವೆಯಲ್ಲಿ ಹರಿಯತೊಡಗಿತು. ನಗಲು ವಿಷಯವೇನೋ ಹೌದು. ಆದರೆ ಪುರಸಭೆಯ ಜಗಳದಲ್ಲಿ ಒಡೆದ ಊರಿಗೆ ಪುರಸಭೆಯ ಕೆಲಸದಿಂದಲೇ ಹೊಲಿಗೆ ಬಿತ್ತೆಂಬುದನ್ನು ನಗುವವರು ಗಮನಿಸಬೇಕು.

ಚರಂಡಿಯಿಂದ ಮಾತು ಬೆಳೆಯಿತು. 1979ರಲ್ಲಿ ಎರಡು ಕಡೆಯ ಎಂಜಿನಿಯರರೂ ವಾಸ್ತುಶಿಲ್ಪಿಗಳೂ ಸೇರಿ ಇಡೀ ನಗರಕ್ಕೆ ಒಂದೇ ಯೋಜನೆಯನ್ನು ಹಾಕಲು ಒಪ್ಪಿದರು. ಊರು ಹೀಗೆಯೇ ಒಡೆದಿದ್ದರೆ ಏನು ಮಾಡಬೇಕು, ನಾಳೆ ಕೂಡಿದರೆ ಏನು ಮಾಡಬೇಕು, ಎರಡಕ್ಕೂ ಅದರಲ್ಲಿ ಎಡೆಯಿಟ್ಟರು. ಗೆರೆಯ ಈಚೆಗಿನ ಕ್ರಿಸಲಿನಿಯೊತಿಸ್ಸ, ಆಚೆಗಿನ ಅರಬ್ ಅಹ್ಮೆತ್ ಎಂಬ ಎರಡು ಹಾಳುಬಿದ್ದ ಕೇರಿಗಳಲ್ಲಿ ಮರದ ಮೊಗಸಾಲೆಯ ಹಳೆಯ ಮನೆಗಳನ್ನು ರಿಪೇರಿ ಮಾಡಿಸಿ ಜನರನ್ನು ಮತ್ತೆ ಕರೆತಂದರು. 2007ರಲ್ಲಿ ಈ ಕೆಲಸಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು.

2003ರ ಏಪ್ರಿಲ್ 23ರಂದು, ಯಾರೂ ನಿರೀಕ್ಷಿಸದೆ, ಬಡಗಣದ ಅಧಿಕಾರಿಗಳು ಲೆದ್ರಾ ಪ್ಯಾಲೇಸ್ ಹೋಟೆಲಿನ ಬಳಿ ದಾರಿಯನ್ನು ತೆರೆದರು. 29 ವರ್ಷಗಳ ಬಳಿಕ ಜನ ತಂತಮ್ಮ ಮನೆಗಳನ್ನು ಹುಡುಕಿ ನಡೆದರು. ಬಾಗಿಲು ತಟ್ಟಿದರೆ ತೆರೆಯುವವರು ಅಪರಿಚಿತರು, ಅವರೂ ಬೇರೊಂದು ಊರಿನಲ್ಲಿ ಮನೆ ಕಳೆದುಕೊಂಡು ಬಂದವರು. ಎಷ್ಟೋ ಮನೆಗಳಲ್ಲಿ ಒಳಕರೆದು ಕಾಫಿ ಕೊಟ್ಟರು. ಕೆಲವರು ಹಿಂದಿನವರ ಮದುವೆಯ ಭಾವಚಿತ್ರಗಳನ್ನು ಅಷ್ಟು ವರ್ಷ ಜೋಪಾನವಾಗಿಟ್ಟು ಒಪ್ಪಿಸಿದರು. ಕೆಲವು ಬಾಗಿಲುಗಳು ತೆರೆಯಲೇ ಇಲ್ಲ. ಇಷ್ಟಾದರೂ ಮರುವರ್ಷದ ಏಪ್ರಿಲ್ 24ರಂದು, ಐಕ್ಯದ ಯೋಜನೆಯ ಮೇಲೆ ಜನಮತ ಕೇಳಿದಾಗ, ತುರ್ಕರಲ್ಲಿ ನೂರಕ್ಕೆ 65 ಮಂದಿ ಒಪ್ಪಿದರು. ಗ್ರೀಕರಲ್ಲಿ ನೂರಕ್ಕೆ 76 ಮಂದಿ ಬೇಡವೆಂದರು. ವಾರದೊಳಗೆ ಸೈಪ್ರಸ್ ಯೂರೋಪ್ ಒಕ್ಕೂಟವನ್ನು, ಒಡೆದ ಸ್ಥಿತಿಯಲ್ಲೇ, ಸೇರಿತು.

ಈ ಊರಿನ ಪೌರನೆಂದರೆ ಯಾರು? ಬಡಗಣದ ರಾಜ್ಯವನ್ನು ತುರ್ಕಿಯೊಂದನ್ನು ಬಿಟ್ಟರೆ ಯಾವ ದೇಶವೂ ಒಪ್ಪಿಲ್ಲ. ಅಲ್ಲಿನ ಹಳೆಯ ತುರ್ಕಿ ಮನೆತನದವನಿಗೆ ತೆಂಕಣದ ಗಣರಾಜ್ಯವೇ ರಹದಾರಿ ಕೊಡುತ್ತದೆ. ಅದನ್ನು ಹಿಡಿದು ಅವನು ಯೂರೋಪೆಲ್ಲ ಸುತ್ತಬಹುದು. ಪಕ್ಕದ ಮನೆಯವನು ತುರ್ಕಿಯಿಂದ ಬಂದು ನೆಲಸಿದವನಾದರೆ ಅವನಿಗೆ ಅದಿಲ್ಲ. ಇವರಿಬ್ಬರ ಮಕ್ಕಳು ಮದುವೆಯಾದರೆ, ಅವರ ಕೂಸು ಎಷ್ಟೋ ವರ್ಷ ಕಚೇರಿಗಳ ಕಡತದಲ್ಲಿ ಮಲಗಿರಬೇಕಾಗುತ್ತದೆ. ಇತ್ತ, ತೆಂಕಣದಲ್ಲಿ ಎಷ್ಟೋ ಗ್ರೀಕರು ದಾರಿ ತೆರೆದಿದ್ದರೂ ಒಮ್ಮೆಯೂ ಆಚೆ ಕಾಲಿಟ್ಟಿಲ್ಲ. ತಾನು ಹುಟ್ಟಿದ ಬೀದಿಗೆ ಹೋಗಲು ರಹದಾರಿ ತೋರಿಸುವುದೆಂದರೆ ಆ ಬೀದಿ ಪರದೇಶವೆಂದು ಸಹಿ ಹಾಕಿದಂತೆ ಎಂಬುದು ಅವರ ಹಠ. ಅದನ್ನು ಹಠವೆಂದು ತಳ್ಳಿಹಾಕುವುದು ಪ್ರವಾಸಿಗೆ ಸುಲಭ. ಅವರ ಮನೆಯ ಮಹಡಿಯಿಂದ ಪೆಂಟದಾಕ್ಟಿಲೋಸಿನ ಇಳಿಜಾರಿನಲ್ಲಿ ಬಿಡಿಸಿದ ಬಡಗಣದ ಬೃಹತ್ತಾದ ಬಾವುಟ ಪ್ರತಿದಿನವೂ ಕಾಣುತ್ತದೆ. ರಾತ್ರಿ ಅದಕ್ಕೆ ದೀಪಗಳೂ ಉರಿಯುತ್ತವೆ.

ಬಾವುಟಕ್ಕೆ ಬೆನ್ನು ಹಾಕಿ ನಡೆಯುವ ಕೆಲಸವೂ ಇದೆ. ಎರಡು ಕಡೆಯೂ ಕಾಣೆಯಾದವರ ಪಟ್ಟಿಯಲ್ಲಿ 2,002 ಹೆಸರುಗಳಿದ್ದವು: 1,510 ಗ್ರೀಕರು, 492 ತುರ್ಕರು. ಹಳೆಯ ವಿಮಾನನಿಲ್ದಾಣದ ಬಳಿಯ ಪ್ರಯೋಗಶಾಲೆಯಲ್ಲಿ ಎರಡು ಸಮುದಾಯಗಳ ತರುಣ ವಿಜ್ಞಾನಿಗಳು ಒಂದೇ ಮೇಜಿನ ಮೇಲೆ ಅಸ್ಥಿಗಳನ್ನು ಜೋಡಿಸಿ, ಇದುವರೆಗೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ.

ಲೆದ್ರಾ ಬೀದಿಯ ದಾರಿ ತೆರೆದದ್ದು 2008ರ ಏಪ್ರಿಲ್ 3ರಂದು. ಅಕಿಂಜಿಯವರು 2015ರಲ್ಲಿ ತುರ್ಕರ ನಾಯಕರಾಗಿ ಆಯ್ಕೆಯಾದರು. ಐಕ್ಯದ ಮಾತುಕತೆ 2017ರ ಜುಲೈಯಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮುರಿಯಿತು. 2020ರಲ್ಲಿ ಅವರು ಚುನಾವಣೆಯಲ್ಲಿ ಸೋತರು. ಅದೇ ವರ್ಷ ಫೆಬ್ರುವರಿಯ ಕೊನೆಯಲ್ಲಿ, ಕೋವಿಡ್ ಸಾಂಕ್ರಾಮಿಕದ ಭಯದಿಂದ, ಲೆದ್ರಾ ಬೀದಿಯ ದಾರಿಯನ್ನು ಮುಚ್ಚಲಾಯಿತು. ಎರಡು ಕಡೆಯ ಜನ ಕಟ್ಟೆಯ ಬಳಿ ಸೇರಿ ಪ್ರತಿಭಟಿಸಿದರು. 2021ರ ಜೂನ್‌ನಲ್ಲಿ ಅದನ್ನು ಮತ್ತೆ ತೆರೆದರು. ಅಷ್ಟು ತಿಂಗಳೂ ತೆಂಕಣದ ಕೊಳಚೆ ಗೆರೆಯ ಕೆಳಗಿನಿಂದ ಬಡಗಣದ ಸ್ಥಾವರಕ್ಕೆ ಎಂದಿನಂತೆ ಹರಿಯುತ್ತಲೇ ಇತ್ತು.