ಮೀಟರಿನ ಕೆಂಪು ಮಿಣುಕು

ಕೊರ್ಲಿಮ್, ಗೋವಾ
ಜೂನ್ ಕೊನೆಯ ವಾರ



ಹುಬ್ಬಳ್ಳಿಯಿಂದ ನೀವು ಬರೆದ ಪತ್ರ ಮಳೆಯ ಜೊತೆಗೇ ಬಂತು. “ಮನೀ ಪೂರಾ ಆಟೊಮೇಷನ್ ಮಾಡಬೇಕಂತೀನಿ, ಬಲ್ಬಿನಿಂದ ಶುರು ಮಾಡಲೇನ್ರಿ?” ಎಂದು ಕೇಳಿದ್ದೀರಿ. ಬಲ್ಬಿನಿಂದ ಬೇಡ. ಬಾಯಲ್ಲಿ ಹೇಳಿದರೆ ಹೊತ್ತಿಕೊಳ್ಳುವ ದೀಪ ಮೊದಲ ವಾರ ಬೀಗರಿಗೆ ತೋರಿಸಲು ಚೆನ್ನ. ಎರಡನೆಯ ವಾರ ಮನೆಯಲ್ಲಿ ಹಿರಿಯರು ಯಾರೋ ರೂಢಿಯಂತೆ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ, ಬಲ್ಬಿನ ಜಾಣತನವೆಲ್ಲ ಅಲ್ಲಿಗೆ ಮುಗಿಯಿತು. ಮೀಟರಿನಿಂದ ಶುರು ಮಾಡಿ.

ಕೊರ್ಲಿಮ್ ಇರುವುದು ಹಳೇ ಗೋವಾದಿಂದ ಪೋಂಡಾ ಕಡೆ ಹೋಗುವ ಹೆದ್ದಾರಿಯಲ್ಲಿ. ಇಲ್ಲೊಂದು ಕೈಗಾರಿಕಾ ವಸಾಹತು. ಸ್ವಲ್ಪ ಆಚೆಗೆ ಮೊಸಳೆಗಳಿಗೆ ಹೆಸರಾದ ಕುಂಭಾರಜುವೆ ಕಾಲುವೆ. ಶಿಫ್ಟ್ ಬಿಡುವ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತರೆ ಬೆಳಗಾವಿ, ಗದಗ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ನನ್ನಂತೆ ಬಂದವರು ಹೆಚ್ಚಾಗಿ ಬಾಡಿಗೆ ಮನೆಯವರು. ಗೋಡೆ ಕೊರೆಯುವಂತಿಲ್ಲ, ವೈರಿಂಗ್ ಮುಟ್ಟುವಂತಿಲ್ಲ, ಛಾವಣಿ ನಮ್ಮದಲ್ಲ. ಮನೆ ಖಾಲಿ ಮಾಡುವ ದಿನ ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುವಂತಿರಬೇಕು. ಈ ಕಟ್ಟುಪಾಡಿನಿಂದ ಲಾಭವೇ ಆಯಿತೆನ್ನಿ. ಏನನ್ನೂ ಬದಲಿಸುವಂತಿಲ್ಲದವನು ಮೊದಲು ಎಣಿಸಲು ಕೂರುತ್ತಾನೆ.

ನಿಮ್ಮ ಮೀಟರಿನ ಮುಖ ನೋಡಿ. ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ, ಪಕ್ಕದಲ್ಲಿ 3200 ಎಂದೋ 1600 ಎಂದೋ ಒಂದು ಅಂಕಿ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. 3200ರ ಮೀಟರಾದರೆ ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡು ಎಂದು ನೋಡಿ, 1125ನ್ನು ಅದರಿಂದ ಭಾಗಿಸಿ. ಆ ಕ್ಷಣಕ್ಕೆ ಮನೆ ಎಳೆಯುತ್ತಿರುವ ವ್ಯಾಟ್ ಸಿಕ್ಕಿತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಫ್ರಿಜ್ಜು, ಫ್ಯಾನುಗಳನ್ನು ಸ್ವಲ್ಪ ಹೊತ್ತು ಆರಿಸಿ ಕೈಗಡಿಯಾರ ಹಿಡಿದು ನಿಲ್ಲಿ. ಇಪ್ಪತ್ತೈದು ಸೆಕೆಂಡಿಗೊಮ್ಮೆ ಮಿಣುಕಿತೋ, ಯಾರೂ ಬಳಸದೆ 45 ವ್ಯಾಟ್ ಹರಿಯುತ್ತಿದೆ ಎಂದು ಲೆಕ್ಕ. ತಿಂಗಳಿಗೆ 32 ಯೂನಿಟ್! ಸೆಟ್‌ಟಾಪ್ ಬಾಕ್ಸು, ವೈಫೈ ಡಬ್ಬಿ, ಟಿವಿಯ ಸಣ್ಣ ದೀಪ ಎಲ್ಲ ಸೇರಿ ಇಷ್ಟಾಗುತ್ತದೆ.

ಇದನ್ನು ಯಂತ್ರವೇ ಎಣಿಸಬೇಕೆಂದರೆ ಮೀಟರಿನ ಸೀಲು ಮುಟ್ಟಬೇಕಾಗಿಲ್ಲ, ಮುಟ್ಟಲೂಬಾರದು. ಬೆಳಕು ಗುರುತಿಸುವ ಪುಟ್ಟ ಸೆನ್ಸರನ್ನು ಆ ಕೆಂಪು ದೀಪದ ಮೇಲೆ ಕಪ್ಪು ಟೇಪಿನಿಂದ ಅಂಟಿಸಿ, ಅದರ ತಂತಿಯನ್ನು ಇಎಸ್‌ಪಿ32 ಎಂಬ ವೈಫೈ ಬೋರ್ಡಿಗೆ ಕೊಟ್ಟರೆ ಸಾಕು. ಕೋಡ್ ಬರೆಯಲು ಬಾರದಿದ್ದರೂ ಇಎಸ್‌ಪಿಹೋಮ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲವೇ ಸಾಲುಗಳ ಕೆಲಸ. ನಮ್ಮ ಮನೆಯ ಇಡೀ ಆಟೊಮೇಷನ್ನಿನಲ್ಲಿ ದುಡ್ಡು ಉಳಿಸಿದ್ದು ಇದೊಂದೇ ಎಂದರೂ ತಪ್ಪಿಲ್ಲ.

ನಿಮಗಂತೂ ಈ ಎಣಿಕೆ ಇನ್ನೂ ಮುಖ್ಯ. ಕರ್ನಾಟಕದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಪುಕ್ಕಟೆ ಎಂದು ಬಾಯಲ್ಲಿ ಹೇಳುತ್ತೇವೆ. ನಿಜದಲ್ಲಿ 2022–23ರಲ್ಲಿ ನಿಮ್ಮ ಮನೆ ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ಶೇಕಡಾ 10, ಇಷ್ಟು ನಿಮ್ಮ ಪಾಲು. ಅದನ್ನು ದಾಟಿದರೆ ಹೆಚ್ಚಿನದಕ್ಕೆ ಹಣ. 200ನ್ನೇ ದಾಟಿದರೆ ಆ ತಿಂಗಳ ಪೂರಾ ಬಿಲ್ಲು ನಿಮ್ಮ ತಲೆಗೆ. ಇಪ್ಪತ್ತನೇ ತಾರೀಖಿಗೇ ಫೋನಿನಲ್ಲಿ “165 ಆಯಿತು” ಎಂದು ಕಂಡರೆ ಇಸ್ತ್ರಿ, ಗೀಸರುಗಳ ಮೇಲೆ ಕಣ್ಣಿಡಬಹುದು. ಗೋವಾದಲ್ಲಿ ನಮಗೆ ಈ ಸವಲತ್ತು ಇಲ್ಲ. ಬಳಕೆ ಏರಿದಂತೆ ಯೂನಿಟ್ಟಿನ ದರವೂ ಮೆಟ್ಟಿಲು ಹತ್ತುತ್ತದೆ. ಉಳಿಸಬೇಕೆಂದರೆ ಫ್ಯಾನಿನ ಕಡೆ ನೋಡಿ: ಸಾದಾ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ಒಂದೊಂದು ಫ್ಯಾನಿನಲ್ಲೂ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಇದರಲ್ಲಿ ಆಟೊಮೇಷನ್ ಏನೂ ಇಲ್ಲ, ಆದರೂ ಯಾವ ಸ್ಮಾರ್ಟ್ ಪ್ಲಗ್ಗೂ ಇಷ್ಟು ಉಳಿಸಿಕೊಡದು.

ಈಗ ಈ ಲೆಕ್ಕವನ್ನೆಲ್ಲ ಇಡುವ ಸರ್ವರ್ ವಿಷಯ. ಅಟ್ಟದ ಮೇಲಿನ ಹಳೆಯ ಡೆಸ್ಕ್‌ಟಾಪನ್ನೇ ಹಗಲಿರುಳು ಓಡಿಸುತ್ತೇನೆ ಎಂದಿದ್ದೀರಿ. ಅದು 70 ವ್ಯಾಟ್ ತಿಂದರೆ ತಿಂಗಳಿಗೆ 50 ಯೂನಿಟ್, ನಿಮ್ಮ 200ರಲ್ಲಿ ಕಾಲುಭಾಗ. ಬೇಡ. ಪರದೆ ಒಡೆದ ಹಳೆಯ ಲ್ಯಾಪ್‌ಟಾಪ್ ಯಾರ ಮನೆಯಲ್ಲಾದರೂ ಇರುತ್ತದೆ, ಅದನ್ನು ಹುಡುಕಿ. ಹತ್ತು ಹದಿನೈದು ವ್ಯಾಟಿನಲ್ಲಿ ಓಡುತ್ತದೆ, ಕರೆಂಟು ಹೋದರೆ ಅದರ ಬ್ಯಾಟರಿಯೇ ಯುಪಿಎಸ್. ಚಾರ್ಜನ್ನು ಮಾತ್ರ ಶೇಕಡಾ 60–70ಕ್ಕೆ ನಿಲ್ಲುವಂತೆ ಮಾಡಿ. ಸದಾ ತುಂಬಿಸಿಟ್ಟ ಬ್ಯಾಟರಿ ಸೆಕೆಯಲ್ಲಿ ಉಬ್ಬುತ್ತದೆ.

ಅದರ ಮೇಲೆ ಹೋಮ್ ಅಸಿಸ್ಟೆಂಟ್ ಹಾಕಿ. 2013ರಲ್ಲಿ ಪಾಲುಸ್ ಸ್ಕೌಟ್ಸನ್ ಎಂಬ ಡಚ್ಚರು ತಮ್ಮ ಮನೆಯ ದೀಪಗಳಿಗೆಂದು ಶುರು ಮಾಡಿದ ತಂತ್ರಾಂಶ ಇದು. ನನಗೆ ಇದು ಹಿಡಿಸಿದ್ದಕ್ಕೆ ಕಾರಣ ಒಂದೇ: ಲೆಕ್ಕವೆಲ್ಲ ಮನೆಯೊಳಗೇ ಉಳಿಯುತ್ತದೆ. ಜುಲೈ ಗಾಳಿಗೆ ತೆಂಗಿನ ಗರಿ ಬಿದ್ದು ಫೈಬರ್ ತಂತಿ ತುಂಡಾದರೂ ಮೋಟರು ಆರಿಸಲು ದೂರದೇಶದ ಕಂಪ್ಯೂಟರಿನ ಅಪ್ಪಣೆಗೆ ಕಾಯಬೇಕಿಲ್ಲ. ಸೆನ್ಸರುಗಳು ಮಾತಾಡಿಕೊಳ್ಳುವ ಎಂಕ್ಯೂಟಿಟಿ ಪದ್ಧತಿಯೂ ಇಂಥ ದುರ್ಬಲ ಸಂಪರ್ಕಕ್ಕೆಂದೇ ಹುಟ್ಟಿದ್ದು. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಅದನ್ನು ರೂಪಿಸಿದ್ದು ದೂರದೂರದ ತೈಲ ಪೈಪ್‌ಲೈನುಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರಿಸಲು. ಈಗ ಅದು ನಮ್ಮ ಟ್ಯಾಂಕಿನ ನೀರಿನ ಮಟ್ಟ ಹೇಳುತ್ತದೆ.

ನೀರಿನ ಮಾತು ಬಂತಲ್ಲ, ಇದೊಂದರಲ್ಲಿ ನಾನು ಹಟಮಾರಿ. ನಮ್ಮ ತಿಸ್ವಾಡಿ ತಾಲೂಕಿಗೆ ನೀರು ಬರುವುದು ಓಪಾದ ನೀರು ಶುದ್ಧೀಕರಣ ಘಟಕದಿಂದ. 2019ರ ಆಗಸ್ಟಿನಲ್ಲಿ ಕುರ್ಟಿ–ಖಾಂಡೆಪಾರ ಹತ್ತಿರ ಪೈಪು ಒಡೆದು ಇಡೀ ತಾಲೂಕು ದಿನಗಟ್ಟಲೆ ಕೊಡ ಹಿಡಿದು ಓಡಾಡಿತು. ಅಂಥ ಊರಿನಲ್ಲಿ ಟ್ಯಾಂಕು ಉಕ್ಕಿ ಹರಿಯುವುದನ್ನು ನೋಡಲಾಗದು. ಆದರೆ ಮೋಟರನ್ನು ಬರೀ ತಂತ್ರಾಂಶದ ಕೈಗೆ ಕೊಡಬೇಡಿ. ಟ್ಯಾಂಕಿನಲ್ಲಿ ಫ್ಲೋಟ್ ಸ್ವಿಚ್ ಇರಲಿ, ಸಂಪಿನಲ್ಲಿ ಇನ್ನೊಂದು ಇರಲಿ. ಕಂಪ್ಯೂಟರು ಕೆಟ್ಟು ಕೂತರೂ ಮೋಟರು ತಾನೇ ನಿಲ್ಲಬೇಕು. ಅಂಗಡಿಯಲ್ಲಿ ಸಿಗುವ ನೀಲಿ ರಿಲೇ ಬೋರ್ಡಿನ ಮೇಲೆ 10 ಆಂಪಿಯರ್ ಎಂದು ಬರೆದಿರುತ್ತದೆ. ಒಂದು ಎಚ್‌ಪಿ ಮೋಟರು ಎದ್ದು ನಿಲ್ಲುವ ಕ್ಷಣದಲ್ಲಿ ತಾನು ಓಡುವಾಗ ಎಳೆಯುವುದರ ಹಲವು ಪಟ್ಟು ಕರೆಂಟು ಎಳೆಯುತ್ತದೆ, ರಿಲೇಯ ಕಾಂಟ್ಯಾಕ್ಟು ಅಂಟಿಕೊಂಡರೆ ಆರಿಸಲು ಯಾರಿಂದಲೂ ಆಗದು. ನಡುವೆ ಭಾರೀ ಕರೆಂಟು ತಾಳುವ ಕಾಂಟ್ಯಾಕ್ಟರ್ ಹಾಕಿಸಿ, ಆ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೇ ಬಿಡಿ.

ಕರಾವಳಿಯ ತಾಪತ್ರಯ ನಿಮಗೆ ಗೊತ್ತಾಗಲಿಕ್ಕಿಲ್ಲ. ಇಲ್ಲಿ ಮಳೆಗಾಲದಲ್ಲಿ ತಾಮ್ರ ಹಸಿರಾಗುತ್ತದೆ, ಬೆಚ್ಚಗಿನ ರಿಲೇ ಡಬ್ಬಿಯಲ್ಲಿ ಇರುವೆಗಳು ಸಂಸಾರ ಹೂಡುತ್ತವೆ. ಬೋರ್ಡಿನ ಬೆಸುಗೆಗಳ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿಯುವುದು ನಮ್ಮ ಮನೆಯ ಮೇ ತಿಂಗಳ ಕೆಲಸ, ಹಪ್ಪಳ ಸಂಡಿಗೆಯ ಜೊತೆಗೆ.

ಕೊನೆಗೆ ಸೋಲಾರ್. ಮಹಡಿಯ ಮೇಲಿರುವ ನಮ್ಮ ಮನೆ ಒಡತಿ, ನಾವೆಲ್ಲ ಆಂಟಿ ಎನ್ನುತ್ತೇವೆ, ಟೆರೇಸಿನಲ್ಲಿ ಪ್ಯಾನೆಲ್ ಹಾಕಿಸಿದ್ದಾರೆ. ಮಳೆ ಬಿಟ್ಟು ಬಿಸಿಲು ಬಂದ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಅವರದೂ ಹೋಯಿತು. ಸೂರ್ಯ ನೆತ್ತಿಯ ಮೇಲಿದ್ದರೂ ಫ್ಯಾನೇಕೆ ತಿರುಗದು ಎಂದು ಅವರಿಗೆ ಸಿಟ್ಟು. ಗ್ರಿಡ್ಡಿಗೆ ಜೋಡಿಸಿದ ಇನ್‌ವರ್ಟರು ಲೈನು ಸತ್ತೊಡನೆ ತಾನೂ ನಿಲ್ಲಲೇಬೇಕು, ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್ನಿಗೆ ನಿಮ್ಮ ಛಾವಣಿಯ ಕರೆಂಟು ಹೊಡೆಯುತ್ತದೆ. ಕರೆಂಟು ಹೋದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಸಹಿತ ಹೈಬ್ರಿಡ್ ಇನ್‌ವರ್ಟರ್ ಬೇಕು, ಅದಕ್ಕೆ ಬೇರೆ ದುಡ್ಡು. ಇದನ್ನು ಮಾರುವವರು ತಾವಾಗಿ ಹೇಳುವುದು ಕಡಿಮೆ.

ಜರ್ಮನಿಯಲ್ಲಿ 800 ವ್ಯಾಟಿನ ಬಾಲ್ಕನಿ ಪ್ಯಾನೆಲನ್ನು ಬಾಡಿಗೆಯವರೇ ಸಾಕೆಟ್ಟಿಗೆ ಚುಚ್ಚಿಕೊಳ್ಳುತ್ತಾರಲ್ಲ, ನಾನೂ ಹಾಗೆ ಮಾಡಲೇ ಎಂದು ಕೇಳಿದ್ದೀರಿ. ನಮ್ಮಲ್ಲಿ ನೆಟ್ ಮೀಟರ್ ಇಲ್ಲದೆ ಆ ಸಾಹಸ ಬೇಡ. ಹಲವು ಡಿಜಿಟಲ್ ಮೀಟರುಗಳು ಹೊರಹೋಗುವ ಕರೆಂಟನ್ನೂ ಬಳಕೆಯೆಂದೇ ಎಣಿಸುತ್ತವೆ. ನಿಮ್ಮದೇ ಬಿಸಿಲಿಗೆ ನೀವೇ ಬಿಲ್ಲು ಕಟ್ಟುತ್ತೀರಿ.

ಇನ್ನೊಂದು ಮಾತು ನೆನಪಾಗುತ್ತದೆ. ಗೋವಾಕ್ಕೆ ಬಹುಪಾಲು ಕರೆಂಟು ಹೊರಗಿನಿಂದಲೇ ಬರಬೇಕು. ಧಾರವಾಡದ ನರೇಂದ್ರದಿಂದ ಶೆಲ್ಡೆಗೆ 400 ಕಿಲೋವೋಲ್ಟ್ ಲೈನು ಎಳೆಯುವ ಯೋಜನೆ ಮೊಲ್ಲೆಮ್ ಕಾಡನ್ನು ಹಾಯುತ್ತದೆಂದು 2020ರಲ್ಲಿ ಇಲ್ಲಿನ ಹುಡುಗ ಹುಡುಗಿಯರು ಬೀದಿಗಿಳಿದಿದ್ದರು. ನನ್ನ ನಾಲ್ಕಾರು ಯೂನಿಟ್ ಉಳಿತಾಯದಿಂದ ಮರ ಉಳಿಯುತ್ತದೆಂಬ ಭ್ರಮೆ ನನಗಿಲ್ಲ. ಮೀಟರ್ ನೋಡುವಾಗ ಆ ಕಾಡು ಕಣ್ಣಮುಂದೆ ಬರುವುದಂತೂ ನಿಜ.

ಮತ್ತೆ ಸೋಲಾರ್ ವಿಷಯಕ್ಕೆ ಬಂದರೆ, ನಿಮ್ಮದು ಸ್ವಂತ ಮನೆ, ಆರ್‌ಸಿಸಿ ಟೆರೇಸು. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟಿಗೆ 60,000, ಮೂರು ಮತ್ತು ಅದಕ್ಕೂ ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಆದರೂ ಗೃಹಜ್ಯೋತಿಯೊಳಗೆ ಬಿಲ್ಲು ಸೊನ್ನೆಯಾಗಿರುವಾಗ ಅವಸರ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಂದು ವರ್ಷ ಎಣಿಸಿ, ಬೇಸಿಗೆ ಒಂದು ಕಳೆಯಲಿ. ಅಷ್ಟರಲ್ಲಿ ಮೀಟರಿನ ಫೋಟೊ ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಸೆನ್ಸರಿನ ವೈರಿಂಗ್ ಚಿತ್ರ ಬರೆದು ಕಳಿಸುತ್ತೇನೆ.

ನಿಮ್ಮ ವಿಶ್ವಾಸಿ,
ಕೊರ್ಲಿಮ್‌ನ ಬಾಡಿಗೆದಾರ