ಅಜ್ಜಿಯ ಪದ ಮತ್ತು 80 ಜಿಬಿ

ನಮ್ಮ ಕಂಪ್ಯೂಟರ್ ಟಕ್ ಟಕ್ ಅನ್ನಲು ಶುರು ಮಾಡಿದ್ದು 2011ರ ಡಿಸೆಂಬರಿನಲ್ಲಿ. ಫ್ಯಾನಿಗೆ ದೂಳು ಕೂತಿರಬೇಕು ಅಂದುಕೊಂಡೆವು. ನಮ್ಮದು ಶಿರಾದಲ್ಲಿ ಗೊಬ್ಬರದ ಅಂಗಡಿಯ ಮೇಲಿನ ಕೋಣೆ. ಕೆಳಗೆ ಯೂರಿಯಾ ಚೀಲ ಇಳಿಸಿದರೆ ಮೇಲಿನ ಕೀಬೋರ್ಡಿಗೂ ಅದರ ಪಾಲು ಬರುತ್ತಿತ್ತು. ಡಬ್ಬ ಬಿಚ್ಚಿ, ಬಟ್ಟೆ ಹಾಕಿ ಒರೆಸಿ, ಮತ್ತೆ ಮುಚ್ಚಿದೆವು. ಸದ್ದು ನಿಲ್ಲಲಿಲ್ಲ.

ಪತ್ರಿಕೋದ್ಯಮ ಎಂ.ಎ. ಮುಗಿಸಿದ ನಾವು ನಾಲ್ಕು ಜನ ಸೇರಿ ಕೊಂಡಿದ್ದ ಕಂಪ್ಯೂಟರ್ ಅದು. ಒಬ್ಬರು ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ, ಒಬ್ಬರು ಕೇಬಲ್ ಚಾನೆಲ್ಲಿನಲ್ಲಿ, ಒಬ್ಬರು ಅತಿಥಿ ಉಪನ್ಯಾಸಕಿ, ಇನ್ನೊಬ್ಬರು ಅಪ್ಪನ ಜೊತೆ ಹೊಲದಲ್ಲಿ. ಭಾನುವಾರ ಮಾತ್ರ ಎಲ್ಲರೂ ಅಲ್ಲಿ. ತಿಂಗಳಿಗೊಮ್ಮೆ ನಾಲ್ಕು ಪುಟದ ಪತ್ರಿಕೆ ಮಾಡುತ್ತಿದ್ದೆವು, ಉಳಿದ ದಿನ ಊರೂರು ತಿರುಗಿ ಹಾಡು, ಕಥೆ, ಕೆರೆ-ಬಾವಿಯ ನೆನಪು ಅಂತ ಏನು ಸಿಕ್ಕರೂ ರೆಕಾರ್ಡ್ ಮಾಡಿ ತಂದು ಅದಕ್ಕೆ ತುಂಬುತ್ತಿದ್ದೆವು. 80 ಜಿಬಿ ಹಾರ್ಡ್ ಡಿಸ್ಕ್. ಕಂಪ್ಯೂಟರ್ ತೋರಿಸುತ್ತಿದ್ದುದು 74 ಚಿಲ್ಲರೆ. ಮಾರುವವರು ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಅಷ್ಟೇ. ಆದರೂ ಐದೂವರೆ ಜಿಬಿ ಯಾರೋ ಹೊಡೆದುಕೊಂಡರು ಅಂತ ಮೊದಲ ವರ್ಷ ನಾವು ಬೈಯುತ್ತಲೇ ಇದ್ದೆವು.

ಸದ್ದು ಶುರುವಾದ ಮರುವಾರ ಒಬ್ಬ ಹುಡುಗ ಮೆಟ್ಟಿಲು ಹತ್ತಿ ಬಂದ. ಟ್ರ್ಯಾಕ್ಟರ್ ಓಡಿಸುವವನು. 'ಅಣ್ಣ, ನಮ್ಮಜ್ಜಿ ಪದ ನಿಮ್ತಾವ ಐತಂತಲ್ಲ. ತಂಗಿ ಮದ್ವೆ ಐತೆ. ಈ ಮೆಮೊರಿ ಕಾರ್ಡಿಗೆ ಹಾಕ್ಕೊಡ್ರಿ' ಅಂದ.

ಅಜ್ಜಿ ಯಾರೆಂದು ತಕ್ಷಣ ಗೊತ್ತಾಯಿತು. 2009ರಲ್ಲಿ ಅವರ ಮನೆ ಜಗಲಿಯಲ್ಲಿ ಕೂತು ಒಂದು ಮಧ್ಯಾಹ್ನವೆಲ್ಲ ಸೋಬಾನೆ ರೆಕಾರ್ಡ್ ಮಾಡಿಕೊಂಡಿದ್ದೆವು. ಹೆಣ್ಣನ್ನು ಹಸೆಗೆ ಕರೆಯುವ ಪದವೊಂದನ್ನು ಹದಿನೆಂಟು ನಿಮಿಷ ನಿಲ್ಲಿಸದೆ ಹೇಳಿದ್ದರು. ಕೊನೆಗೆ ನಮ್ಮ ರೆಕಾರ್ಡರ್ ಕಡೆ ಬೆರಳು ಮಾಡಿ, 'ಇದ್ರಾಗೆ ಎಷ್ಟ್ ದಿನ ಇರ್ತೈತಪ್ಪ ನನ್ ಪದ?' ಅಂತ ಕೇಳಿದ್ದರು. 'ಕಂಪ್ಯೂಟರಿಗೆ ಹಾಕ್ತೀವಜ್ಜಿ, ಇನ್ನೆಲ್ಲೂ ಹೋಗಲ್ಲ' ಅಂದಿದ್ದೆವು. ಅಜ್ಜಿ ಹೋಗಿ ಎರಡು ತಿಂಗಳಾಗಿತ್ತು. ನಮಗೆ ಸುದ್ದಿಯೇ ಬಂದಿರಲಿಲ್ಲ.

ಫೈಲು ಸಿಕ್ಕಿತು. ಕಾಪಿ ಕೊಟ್ಟೆವು. ಅರ್ಧದ ಹತ್ತಿರ ಹೋಗಿ ಪಟ್ಟಿ ನಿಂತಿತು. ಟಕ್, ಟಕ್, ಟಕ್. ಆಮೇಲೆ ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಎಂದು ಬಂತು. ಮತ್ತೆ ಕೊಟ್ಟೆವು. ಮತ್ತೆ ಅದೇ ಜಾಗ. ಹುಡುಗ ನಮ್ಮ ಮುಖವನ್ನೂ ಪರದೆಯನ್ನೂ ನೋಡುತ್ತಾ ನಿಂತಿದ್ದ. 'ಮುಂದಿನ ವಾರ ಬಾರಪ್ಪ' ಅಂದೆವು. 'ಮದ್ವೆ ಇನ್ನು ಇಪ್ಪತ್ತು ದಿನ ಅಣ್ಣ' ಅಂತ ಕಾರ್ಡನ್ನು ನಮ್ಮಲ್ಲೇ ಬಿಟ್ಟುಹೋದ.

ಪಕ್ಕದ ಬೀದಿಯಲ್ಲಿ ಸೈಬರ್ ನಡೆಸುತ್ತಿದ್ದ ಅಣ್ಣನನ್ನು ಕರೆತಂದೆವು. ಸದ್ದು ಕೇಳಿದ್ದೇ, 'ಎಷ್ಟು ಸಲ ಕಾಪಿ ಮಾಡಕ್ಕೆ ನೋಡಿದ್ರಿ?' ಅಂದರು. ಹತ್ತು ಹನ್ನೆರಡು ಸಲ ಅಂದೆವು. ಅವರೇ ಹೋಗಿ ಸ್ವಿಚ್ ಆರಿಸಿದರು. ಡಿಸ್ಕಿನೊಳಗೆ ತಟ್ಟೆ ತಿರುಗುತ್ತದೆ, ಓದುವ ಮುಳ್ಳು ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತದೆ. ಕೆಟ್ಟ ಜಾಗ ಸಿಕ್ಕಾಗ ಮುಳ್ಳು ಹಿಂದೆ ಬಂದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಆ ಸದ್ದೇ ಇದು. ನೀವು ಒತ್ತಾಯ ಮಾಡಿದಷ್ಟೂ ಅದರ ಆಯಸ್ಸು ಕಡಿಮೆ ಅಂದರು. 'ಉಸಿರಾಡ್ತಿರುವಾಗ್ಲೇ ಇನ್ನೊಂದು ಡಿಸ್ಕಿಗೆ ಪೂರ್ತಿ ಇಳಿಸ್ಕಳ್ಳಿ.'

ಇಲ್ಲಿ ನಮ್ಮೊಳಗೆ ಜಗಳ ಹತ್ತಿತು. ಬೇಕಾದ ಫೈಲು ಮಾತ್ರ ತೆಗೆದುಕೊಂಡು, ಹೊಸ ಡಿಸ್ಕಿಗೆ ವಿಂಡೋಸ್ ಹೊಸದಾಗಿ ಹಾಕೋಣ ಅಂತ ಇಬ್ಬರು. ಇದ್ದದ್ದನ್ನು ಇದ್ದ ಹಾಗೆ ಎತ್ತಿಕೊಂಡು ಹೋಗೋಣ ಅಂತ ಇಬ್ಬರು. ಎರಡನೆಯವರ ಮಾತು ಗೆದ್ದದ್ದು ಪತ್ರಿಕೆಯ ಹಳೇ ಪುಟಗಳಿಂದ. ಒಂದು ಪುಟವನ್ನು ಹಿಂದೊಮ್ಮೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದೆವು. 'ಕನ್ನಡ' ಅಂತ ಇರಬೇಕಾದ ಕಡೆ ಒಂದು ಪೌಂಡ್ ಗುರುತು, ನೆತ್ತಿಯ ಮೇಲೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರಗಳು! ಯೂನಿಕೋಡ್‌ಗೆ ಮುಂಚಿನ ಫಾಂಟುಗಳ ಕಥೆಯೇ ಅದು. ಫೈಲಿನೊಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ವೇಷ ಹಾಕುತ್ತದೆ. ಫಾಂಟು ಇಲ್ಲದಿದ್ದರೆ ವೇಷ ಕಳಚುತ್ತದೆ. ನುಡಿಯನ್ನಾದರೆ ಉಚಿತವಾಗಿ ಮತ್ತೆ ಹಾಕಿಕೊಳ್ಳಬಹುದಿತ್ತು. ಆದರೆ ನಮ್ಮ ತಲೆಬರಹಗಳೆಲ್ಲ ಇನ್ಯಾವುದೋ ಫಾಂಟಿನಲ್ಲಿದ್ದವು. ಅದನ್ನೂ ಪೇಜ್‌ಮೇಕರನ್ನೂ ಹಾಕಿಕೊಟ್ಟ ಡಿಟಿಪಿಯವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಸಿಡಿ ನಮ್ಮಲ್ಲಿರಲಿಲ್ಲ. ಫೈಲು ಉಳಿದು ಓದುವ ದಾರಿ ಹೋದರೆ ಉಳಿದದ್ದೇನು? ಹಾಗಾಗಿ ಸಿಸ್ಟಮ್ಮನ್ನೇ ಎತ್ತಿಕೊಂಡು ಹೋಗುವುದು ಅಂತಾಯಿತು.

ದುಡ್ಡಿನ ವಿಷಯದಲ್ಲಿ ನಮ್ಮ ಗ್ರಹಚಾರ ಕೆಟ್ಟಿತ್ತು. ಆ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ದೊಡ್ಡ ನೆರೆ ಬಂದು ಹಾರ್ಡ್ ಡಿಸ್ಕ್ ತಯಾರಿಸುವ ಕಾರ್ಖಾನೆಗಳು ಮುಳುಗಿದ್ದವು. ಲೋಕಕ್ಕೆಲ್ಲ ಬರುವ ಡಿಸ್ಕುಗಳಲ್ಲಿ ದೊಡ್ಡ ಪಾಲು ಅಲ್ಲಿನದೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೀಪಾವಳಿಗೆ ಮುಂಚೆ 2000 ರೂಪಾಯಿಯ ಆಸುಪಾಸು ಹೇಳಿದ್ದ 500 ಜಿಬಿ ಡಿಸ್ಕಿಗೆ ಈಗ 4000 ಅಂದರು. ಮಳೆಯಿಲ್ಲದ ಶಿರಾದವರು ಎಲ್ಲಿಯದೋ ನೆರೆಗೆ ದಂಡ ಕಟ್ಟುವಂತಾಯಿತು. ತಲೆಗೆ ಸಾವಿರ ಹಾಕಿದೆವು. ಹೊಲದವನು ತನ್ನ ಪಾಲನ್ನು ಶೇಂಗಾ ಮಾರಿದ ದುಡ್ಡಲ್ಲಿ ಕೊಟ್ಟ, ಅದನ್ನು ಈಗಲೂ ನೆನಪಿಸುತ್ತಾನೆ.

ಸೈಬರ್ ಅಣ್ಣ ಸಿಸ್ಟಮ್ ರೆಸ್ಕ್ಯೂ ಎಂಬ ಲಿನಕ್ಸ್ ಸಿಡಿ ಕೊಟ್ಟರು. ಅದರಿಂದ ಕಂಪ್ಯೂಟರ್ ಶುರು ಮಾಡಿದರೆ ವಿಂಡೋಸ್ ಮಲಗಿಯೇ ಇರುತ್ತದೆ, ಆಗ ಡಿಸ್ಕಿನಿಂದ ಡಿಸ್ಕಿಗೆ ನಿಶ್ಚಿಂತೆಯಾಗಿ ನಕಲು ಮಾಡಬಹುದು. ಆರೋಗ್ಯವಾಗಿರುವ ಡಿಸ್ಕಾದರೆ ಕ್ಲೋನೆಜಿಲ್ಲಾ ಸಾಕು, ಆದರೆ ಅದು ಕೆಟ್ಟ ಜಾಗ ಸಿಕ್ಕರೆ ನಿಲ್ಲುತ್ತದೆ, ನಿಮಗೆ ಡಿಡಿರೆಸ್ಕ್ಯೂ ಬೇಕು ಅಂದರು. ಇದು ಜಾಣ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವುದನ್ನೆಲ್ಲ ಬಾಚಿಕೊಳ್ಳುತ್ತದೆ, ತಕರಾರು ಮಾಡುವ ಜಾಗ ಬಿಟ್ಟು ಮುಂದೆ ಹೋಗುತ್ತದೆ. ಆಮೇಲೆ ವಾಪಸು ಬಂದು ಆ ತಕರಾರಿನ ಜಾಗಗಳನ್ನು ಚೂರುಚೂರಾಗಿ ಕೆರೆಯುತ್ತದೆ. ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಲಾಗ್ ಫೈಲಿನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಪೆನ್‌ಡ್ರೈವಿನಲ್ಲಿಡಿ ಅಂತ ಅಣ್ಣ ಎರಡು ಸಲ ಹೇಳಿದರು. ಸಿಡಿಯಿಂದ ಓಡುವ ಸಿಸ್ಟಮ್ಮಿಗೆ ಕರೆಂಟು ಹೋದರೆ ಏನೂ ನೆನಪಿರುವುದಿಲ್ಲ.

ಆಜ್ಞೆ ಒಂದೇ ಸಾಲು. ಮೊದಲು ಮೂಲ ಡಿಸ್ಕು, ಆಮೇಲೆ ಗುರಿ, ಕೊನೆಗೆ ಲಾಗ್. ಮೂಲ-ಗುರಿ ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕಿನ ಮೇಲೆ ಇಳಿಯುತ್ತದೆ. ಮುಗಿಯಿತು ಕಥೆ. ಒಬ್ಬಳು ಸಾಲನ್ನು ಗಟ್ಟಿಯಾಗಿ ಓದಿದಳು, ಒಬ್ಬ ಗಾತ್ರ ನೋಡಿ ಯಾವುದು 80, ಯಾವುದು 500 ಅಂತ ಹೇಳಿದ, ಮೂರನೆಯವನು ಹಾಳೆಯಲ್ಲಿ ಬರೆದುಕೊಂಡ. ಮೂರು ಸಲ ಹೀಗೆ ಮಾಡಿ ಎಂಟರ್ ಒತ್ತಿದೆವು. ಪರೀಕ್ಷೆಯಲ್ಲೂ ಅಷ್ಟು ಹೆದರಿರಲಿಲ್ಲ.

ಸುಮಾರು ಒಂದು ಗಂಟೆ ಚೆನ್ನಾಗಿ ಓಡಿತು. ಆಮೇಲೆ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಕತ್ತಲಲ್ಲಿ ಕೂತು ಟೀ ಕುಡಿದೆವು, ಯಾರೂ ಮಾತಾಡಲಿಲ್ಲ. ಕರೆಂಟು ಬಂದ ಮೇಲೆ ಅದೇ ಸಾಲನ್ನು ಮತ್ತೆ ಕೊಟ್ಟರೆ, ಲಾಗ್ ಓದಿಕೊಂಡು ನಿಂತಲ್ಲಿಂದಲೇ ಹೊರಟಿತು! ಕರೆಂಟು ಹೋಗುವ ಊರಿನವರೇ ಇದನ್ನು ಬರೆದಿರಬೇಕು ಅನ್ನಿಸಿತು. ಮೊದಲ ಸುತ್ತು ಅಂದು ರಾತ್ರಿಯೇ ಮುಗಿಯಿತು. ಕೆಟ್ಟ ಜಾಗ ಕೆರೆಯುವುದಕ್ಕೆ ಇನ್ನೂ ಎರಡು ರಾತ್ರಿ ಹಿಡಿಯಿತು, ಪಾಳಿಯಲ್ಲಿ ಕಾವಲು ಕೂತೆವು. ಕೊನೆಗೆ ಓದಲಾಗದೆ ಉಳಿದದ್ದು 48 ಕೆಬಿ. ಒಂದು ಸಣ್ಣ ಫೋಟೊದಷ್ಟು. ಅದು ಎಲ್ಲಿಯದು ಎಂಬುದು ಮಾತ್ರ ತಿಳಿಯಲಿಲ್ಲ.

ಹಳೇ ಡಿಸ್ಕಿನ ವೈರು ಕಿತ್ತು, ಹೊಸದರಿಂದ ಶುರು ಮಾಡಿದೆವು. ಹಳೆಯದನ್ನು ಕೀಳದೆ ಶುರು ಮಾಡಿದರೆ ಎರಡೂ ಒಂದೇ ಗುರುತಿನವಾದ್ದರಿಂದ ಎಕ್ಸ್‌ಪಿ ಸಿ, ಡಿ ಅಂತ ಹೆಸರಿಡುವಾಗ ಗೊಂದಲಕ್ಕೆ ಬೀಳುತ್ತದೆ. ವಿಂಡೋಸ್ ಚಿತ್ರ ಬಂತು, ಚಪ್ಪಾಳೆ ತಟ್ಟಿದೆವು, ತಟ್ಟುತ್ತಿರುವಾಗಲೇ ನೀಲಿ ಪರದೆ. ಉದ್ದನೆಯ ಸೊನ್ನೆಗಳ ಕೊನೆಗೆ 7ಬಿ. ಅಣ್ಣನಿಗೆ ಫೋನು ಮಾಡಿದರೆ ನಕ್ಕರು. ಹಳೆಯದು ಐಡಿಇ ಡಿಸ್ಕು, ಅಗಲ ಪಟ್ಟಿ ವೈರಿನದು. ಹೊಸದು ಸಾಟಾ. ಬಯಾಸ್‌ನಲ್ಲಿ ಸಾಟಾ ಎಂಬುದು ಎಎಚ್‌ಸಿಐ ಅಂತ ಇದ್ದರೆ, ಅದರ ಡ್ರೈವರ್ ಎಕ್ಸ್‌ಪಿಯ ಬಳಿ ಇಲ್ಲದೆ ಅದಕ್ಕೆ ತಾನು ಕೂತಿರುವ ಡಿಸ್ಕೇ ಕಾಣುವುದಿಲ್ಲ. ಐಡಿಇ ಅಂತ ಬದಲಿಸಿದೆವು. ಎದ್ದಿತು. ನಮ್ಮ ಹಳೇ ವಾಲ್‌ಪೇಪರ್ರು, ಅದೇ ಐಕಾನುಗಳ ಗಲೀಜು, ಪೇಜ್‌ಮೇಕರಿನಲ್ಲಿ ನಮ್ಮ ತಲೆಬರಹ ಕನ್ನಡದಲ್ಲೇ. ಮನೆ ಬದಲಾಯಿಸಿದ್ದು ಮನೆಯೊಳಗಿನವರಿಗೆ ಗೊತ್ತೇ ಆಗಿರಲಿಲ್ಲ.

ಡಿಸ್ಕು 500 ಆದರೂ ಸಿ 20, ಡಿ 54 ಅಂತಲೇ ತೋರಿಸುತ್ತಿತ್ತು. ನಕಲು ಅಂದರೆ ನಕಲು, ಉಳಿದ 391 ಜಿಬಿ ಹೆಸರಿಲ್ಲದ ಬಯಲು. ಪಕ್ಕದಲ್ಲಿ ಡಿ ಕೂತಿರುವುದರಿಂದ ಸಿ ಹಿಗ್ಗಿಸಲು ಜಾಗವಿಲ್ಲ. ಜಿಪಾರ್ಟೆಡ್‌ನಲ್ಲಿ ಡಿಯನ್ನು ಆಚೆ ತಳ್ಳಬಹುದು, ಆದರೆ ತಳ್ಳುವಾಗ ಕರೆಂಟು ಹೋದರೆ ಇಲ್ಲೂ ಇಲ್ಲ ಅಲ್ಲೂ ಇಲ್ಲ. ನಾವು ಬಯಲಲ್ಲಿ ಹೊಸ ಭಾಗ ಮಾಡಿ, ಡಿಯಲ್ಲಿದ್ದುದನ್ನೆಲ್ಲ ಅಲ್ಲಿಗೆ ಕಾಪಿ ಮಾಡಿ, ಸರಿಯಾಗಿದೆ ಅಂತ ನೋಡಿಕೊಂಡು, ಆಮೇಲೆ ಹಳೇ ಡಿ ಅಳಿಸಿ ಸಿ ಹಿಗ್ಗಿಸಿದೆವು. ಹೊಸ ಭಾಗಕ್ಕೆ ಮತ್ತೆ ಡಿ ಎಂಬ ಅಕ್ಷರವನ್ನೇ ಕೊಟ್ಟೆವು. ಪೇಜ್‌ಮೇಕರ್ ತನ್ನ ಚಿತ್ರಗಳನ್ನು ಹುಡುಕುವುದು ಆ ವಿಳಾಸದಲ್ಲೇ.

ಇಷ್ಟಾದರೂ ಅಜ್ಜಿಯ ಫೈಲು ತೆರೆಯುವ ಧೈರ್ಯ ಬಂದದ್ದು ಭಾನುವಾರ, ನಾಲ್ವರೂ ಇದ್ದಾಗ. ಹಾಡು ಶುರುವಾಯಿತು. ಕೋಳಿ ಕೂಗು, ಯಾರೋ ಪಾತ್ರೆ ತಿಕ್ಕುವ ಸದ್ದು, ಅಜ್ಜಿಯ ದನಿ. ಎಂಟನೇ ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಒಂದು ಮಾತಿನ ನಡುವೆ ದನಿ ಟಪ್ ಅಂತ ತುಂಡಾಗಿ ಮತ್ತೆ ಸೇರಿಕೊಂಡಿತು. 48 ಕೆಬಿ ಎಲ್ಲಿಯದು ಅಂತ ತಿಳಿಯಿತು. ಅಂಥ ರೆಕಾರ್ಡಿಂಗಿನಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ, ಆ ಲೆಕ್ಕದಲ್ಲಿ 48 ಕೆಬಿ ಅಂದರೆ ಕಾಲು ಸೆಕೆಂಡಿನಷ್ಟು. ಹೊಸ ಡಿಸ್ಕಿನಲ್ಲಿ ಆ ಜಾಗದಲ್ಲಿರುವುದು ಬರೀ ಸೊನ್ನೆ. ಈ ಬಗೆಯ ಧ್ವನಿ ಫೈಲಿನಲ್ಲಿ ಸೊನ್ನೆ ಅಂದರೆ ಮೌನ.

ಕಾರ್ಡು ತೆಗೆದುಕೊಂಡು ನಾವೇ ಊರಿಗೆ ಹೋದೆವು. ಆದದ್ದನ್ನು ಮುಚ್ಚಿಡಬಾರದು ಅಂತ ಮಾತಾಡಿಕೊಂಡಿದ್ದೆವು. ಅಜ್ಜಿ ಕೂತಿದ್ದ ಅದೇ ಜಗಲಿಯಲ್ಲಿ ಹುಡುಗನ ಮೊಬೈಲಿನಿಂದ ಹಾಡು ಬಂತು. ಅಜ್ಜಿಯ ಮಗಳು ಕಣ್ಣೊರೆಸಿಕೊಳ್ಳುತ್ತಾ ಪೂರ್ತಿ ಕೇಳಿದರು. 'ಅಕ್ಕ, ನಡುವೆ ಒಂದ್ಕಡೆ ತುಂಡಾಗಿದೆ, ನಮ್ಮಿಂದಲೇ ಆಗಿದ್ದು' ಅಂದೆವು. 'ಎಲ್ಲಿ?' ಅಂದರು. ಮತ್ತೆ ಹಾಕಿ ತೋರಿಸಿದೆವು. 'ಓ ಅದಾ? ಎಲೆಅಡಿಕೆ ಬಾಯಾಗಿರೋದು, ಅವ್ವ ನುಂಗಿರ್ತಾಳೆ ಬಿಡ್ರಿ' ಅಂದರು. ಸುಮ್ಮನೆ ನಮ್ಮ ಸಮಾಧಾನಕ್ಕೆ ಅಂದಿರಬಹುದು. ನಾವು ನಗಲೂ ಆಗದೆ ಕೂತೆವು.

ವಾಪಸು ಬರುವ ಬಸ್ಸಿನಲ್ಲಿ ನಾವು ಮಾತಾಡಿದ್ದು ಡಿಸ್ಕಿನ ಬಗ್ಗೆ ಅಲ್ಲ. ತರಗತಿಯಲ್ಲಿ ಕೇಳುವುದನ್ನು ಕಲಿತೆವು, ಬರೆಯುವುದನ್ನು ಕಲಿತೆವು. ತಂದದ್ದನ್ನು ಕಾಯುವುದನ್ನು ಯಾರೂ ಹೇಳಿಕೊಡಲಿಲ್ಲ, ನಾವೂ ಕೇಳಲಿಲ್ಲ. ಎರಡು ವರ್ಷ ಆ ದನಿ ಒಂದೇ ಕಡೆ ಇತ್ತು, ಅದೂ ಅವರ ಮನೆಯಲ್ಲಲ್ಲ, ನಮ್ಮ ಕೋಣೆಯಲ್ಲಿ. ಅಂದೇ ಒಂದು ಸಿಡಿ ಬರೆದು ಅಜ್ಜಿಗೆ ಕೊಟ್ಟಿದ್ದರೆ ಹತ್ತಿಪ್ಪತ್ತು ರೂಪಾಯಿ ಖರ್ಚಾಗುತ್ತಿತ್ತು. ಅಜ್ಜಿಯೂ ಕೇಳಿಕೊಂಡು ಹೋಗುತ್ತಿದ್ದರು.

ಆಮೇಲಿನಿಂದ ನಮ್ಮಲ್ಲೊಂದು ನಿಯಮ. ಯಾರ ದನಿ ತಂದರೂ ವಾರದೊಳಗೆ ಮೂರು ಕಡೆ ಇರಬೇಕು. ನಮ್ಮ ಡಿಸ್ಕಿನಲ್ಲೊಂದು, ಬೇರೆ ಊರಿನಲ್ಲಿರುವ ನಮ್ಮಲ್ಲೊಬ್ಬರ ಮನೆಯಲ್ಲೊಂದು, ಹಾಡಿದವರ ಮನೆಯಲ್ಲೊಂದು. ಮೂರನೆಯದನ್ನು ಕೊಡಲು ಹೋದಾಗ ಸಾಮಾನ್ಯವಾಗಿ ಇನ್ನೊಂದು ಪದ ಸಿಗುತ್ತದೆ, ಊಟವೂ ಸಿಗುತ್ತದೆ.

ಹಳೇ 80 ಜಿಬಿ ಡಿಸ್ಕನ್ನು ಎಸೆದಿಲ್ಲ. ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಿದ್ದೇವೆ. ಆ ಕಾಲು ಸೆಕೆಂಡು ಅದರಲ್ಲೇ ಇದೆ.