ಚಾಳೀಸಿನ ಬೆಲೆ, ಹೆಸರಿನ ಬೆಲೆ

ಕಳೆದ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ನನ್ನ ತಂಗಿಯ ಮಗ ಮಿರಜಿನಿಂದ ಸೈಕಲ್ ತುಳಿಯುತ್ತ ಜುಗೂಳಕ್ಕೆ ಬಂದ. ಪುಣೆಯಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ಅವನು ಸೈಕಲನ್ನು ರೈಲಿನಲ್ಲಿ ಹೇರಿಕೊಂಡು ಮಿರಜಿನವರೆಗೆ ಬಂದು, ಅಲ್ಲಿಂದ ಕಾಗವಾಡದ ದಾರಿ ಹಿಡಿದಿದ್ದ. ಕೃಷ್ಣೆಯ ದಂಡೆಯ ನಮ್ಮ ಊರುಗಳಲ್ಲಿ ಅದು ಕಬ್ಬು ನುರಿಸುವ ಹಂಗಾಮು. ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ಹಾರುವ ರವದಿ ಮತ್ತು ಧೂಳು. ಮನೆಯ ಕಟ್ಟೆಗೆ ಸೈಕಲ್ ಆನಿಸಿದವನು ಮುಖ ತೊಳೆಯುವುದಕ್ಕೂ ಮೊದಲು ಕಣ್ಣಿನ ಮೇಲಿನ ಕನ್ನಡಕವನ್ನು ತೆಗೆದು, ನೀರಿನಲ್ಲಿ ತೊಳೆದು, ಒಂದು ಮೆತ್ತನೆಯ ಚೀಲದಲ್ಲಿ ಇಳಿಸಿದ. ಕೂಸನ್ನು ತೊಟ್ಟಿಲಿಗೆ ಹಾಕುವವರ ಎಚ್ಚರ ಅವನ ಕೈಯಲ್ಲಿತ್ತು.

"ಎಷ್ಟ ಕೊಟ್ಟೆಪ್ಪಾ ಇದಕ್ಕ?" ಎಂದು ನನ್ನ ಹೆಂಡತಿ ಕೇಳಿದಳು.

"ಹತ್ತೊಂಬತ್ತು ಸಾವಿರ, ಮಾಮಿ."

"ಅಷ್ಟ ರೊಕ್ಕದಾಗ ಒಂದ ಎಮ್ಮಿಕರಾ ಬರತಿತ್ತಲ್ಲೋ" ಎಂದು ನಾನು ನಕ್ಕೆ. ಅವನು ನಗಲಿಲ್ಲ. ಆ ದಿನ ಮಧ್ಯಾಹ್ನದವರೆಗೂ ನಾನು ಆ ಕನ್ನಡಕದ ಬಗ್ಗೆ ಇನ್ನೂ ಎರಡು ಮೂರು ಚುಚ್ಚುಮಾತುಗಳನ್ನು ಆಡಿದೆ. ಈ ಬರಹಕ್ಕೆ ಕಾರಣ ಆ ಮಾತುಗಳೇ.

ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಎನ್ನುತ್ತಾರೆ. ನಲವತ್ತಕ್ಕೆ ಬರುವುದು ಚಾಳೀಸು. ಮರಾಠಿಯ ನಂಟಿನಿಂದ ಬಂದ ಈ ಮಾತಿನಲ್ಲಿ ಬೆಡಗಿಲ್ಲ, ವಯಸ್ಸಿನ ಲೆಕ್ಕವಿದೆ. ಹಿಂದೆ ನಮ್ಮ ನಾಡಿನಲ್ಲಿ ಇದು ಓದುವವರ ವಸ್ತುವಾಗಿತ್ತು. ಸೋಮನಾಥ ಕವಿಯ ವ್ಯಾಸಯೋಗಿಚರಿತದಲ್ಲಿ ವ್ಯಾಸರಾಯರು ಗಾಜನ್ನು ಕಣ್ಣಿಗೆ ಹಿಡಿದು ಓದುವ ಪ್ರಸಂಗವಿದೆ. ಪುಣೆಯ ಭಾಂಡಾರಕರ ಸಂಸ್ಥೆಯಲ್ಲಿದ್ದ ವಿದ್ವಾಂಸ ಪಿ. ಕೆ. ಗೋಡೆಯವರು ಇದನ್ನು 1520ರ ಸುಮಾರಿನದೆಂದು ಎಣಿಸಿ, ಭಾರತದಲ್ಲಿ ಕನ್ನಡಕದ ಬಳಕೆಗೆ ಸಿಗುವ ಬಹಳ ಹಳೆಯ ಸಾಕ್ಷಿಯೆಂದು ಚರ್ಚಿಸಿದರು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಮೂಲಕವೇ ಅದು ವಿಜಯನಗರಕ್ಕೆ ಬಂದಿರಬೇಕೆಂಬ ಊಹೆ ಸಹಜ. ಹಾಗಿದ್ದರೆ ನಮ್ಮಲ್ಲಿ ಮೊದಲು ಕಾಣಿಸಿಕೊಂಡ ಚಾಳೀಸು ಕೂಡ ವಿದೇಶಿ ಮಾಲೇ, ದುಬಾರಿ ಮಾಲೇ. ಎಮ್ಮೆಯ ಕರುವಿನ ಲೆಕ್ಕ ಹಾಕಿದ್ದ ನನಗೆ ಇದು ಅಂದೇ ನೆನಪಾಗಬೇಕಿತ್ತು.

ಅಳಿಯನ ಪರವಾಗಿ ಹೇಳಬೇಕಾದ ಮಾತೂ ಇದೆ. ಸೈಕಲ್ಲಿನ ಮೇಲೆ ಕಣ್ಣಿಗೆ ಕಾವಲು ಬೇಕು. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಎದುರಾಗುವ ಹುಳವೊಂದು, ರವದಿಯ ಚೂರೊಂದು ಸವಾರನನ್ನು ಕೆಡವಬಲ್ಲದು. ಬರೀ ಕಪ್ಪು ಬಳಿದ ಅಗ್ಗದ ಗಾಜಾದರೆ ಇನ್ನೂ ಅಪಾಯ: ಕತ್ತಲೆಂದು ತಿಳಿದು ಕಣ್ಣಿನ ಪಾಪೆ ಹಿಗ್ಗುತ್ತದೆ, ಗಾಜು ತಡೆಯದ ನೇರಳಾತೀತ ಕಿರಣಗಳು ಹೆಚ್ಚು ಒಳನುಗ್ಗುತ್ತವೆ. ಒಳ್ಳೆಯ ಸೈಕಲ್ ಕನ್ನಡಕದಲ್ಲಿ ಒಡೆಯದ ಪಾಲಿಕಾರ್ಬೊನೇಟ್ ಇರುತ್ತದೆ. ಮುಖಕ್ಕೆ ಸುತ್ತಿಕೊಳ್ಳುವ ಬಾಗು ಇರುತ್ತದೆ. ಕೆಲವು ಬಣ್ಣದ ಬೆಳಕನ್ನಷ್ಟೇ ಸೋಸಿ ರಸ್ತೆಯ ತಗ್ಗುದಿನ್ನೆಗಳನ್ನು ಎದ್ದು ಕಾಣಿಸುವ ಲೇಪವಿರುತ್ತದೆ. ಅಳಿಯ ಅದನ್ನು ನನ್ನ ಕಣ್ಣಿಗಿಟ್ಟು ಕಬ್ಬಿನ ಗದ್ದೆ ತೋರಿಸಿದ. ನಿಜಕ್ಕೂ ಹಸಿರು ಬೇರೆಯೇ ಆಗಿ ಕಂಡಿತು. ಆದರೆ ಪಾಲಿಕಾರ್ಬೊನೇಟು ತನ್ನಷ್ಟಕ್ಕೇ ನೇರಳಾತೀತ ಕಿರಣಗಳನ್ನು ಬಹುಮಟ್ಟಿಗೆ ತಡೆಯುವ ವಸ್ತು. ಲೇತ್ ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನ ಕೆಲವೇ ನೂರು ರೂಪಾಯಿಯ ರಕ್ಷಣಾ ಕನ್ನಡಕದಲ್ಲಿಯೂ ಇರುವುದು ಅದೇ. ಬಾಗಿಗೆ, ಲೇಪಕ್ಕೆ, ಹಗುರಕ್ಕೆ ಇನ್ನೊಂದಿಷ್ಟು ಸೇರಿಸೋಣ. ಉಳಿದ ಸಾವಿರಗಳು ಹೋಗುವುದು ಕಡ್ಡಿಯ ಮೇಲಿನ ಒಂದು ಗುರುತಿಗೆ.

ಆ ಗುರುತು ಓಕ್ಲಿ ಎಂಬ ಕಂಪನಿಯದು. ಅದು 1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜಿಮ್ ಜೆನಾರ್ಡ್ ಎಂಬಾತ ಕಟ್ಟಿದ್ದು. ಮೊದಲು ಮಾಡಿದ್ದು ಕನ್ನಡಕವನ್ನಲ್ಲ, ಮೋಟಾರ್‌ಸೈಕಲ್ಲಿನ ಹಿಡಿಕೆಯ ರಬ್ಬರನ್ನು. 1980ರ ದಶಕದ ನಡುವೆ ಗ್ರೆಗ್ ಲೆಮಾಂಡ್ ಎಂಬ ಸವಾರ ಅವರ ಅಗಲವಾದ ಕನ್ನಡಕ ಧರಿಸಿ ಟೂರ್ ಡಿ ಫ್ರಾನ್ಸ್‌ನಲ್ಲಿ ಕಾಣಿಸಿಕೊಂಡ. 1986ರಲ್ಲಿ ಅದನ್ನು ಗೆದ್ದ ಮೊದಲ ಅಮೆರಿಕನ್ನನೂ ಆದ. ಆಮೇಲೆ ಸೈಕಲ್ ಸವಾರನ ಮುಖಕ್ಕೆ ಕನ್ನಡಕವೆಂಬುದು ಕ್ಷತ್ರಿಯನಿಗೆ ಕತ್ತಿಯಂತಾಯಿತು. 2007ರಲ್ಲಿ ಇಟಲಿಯ ಲುಕ್ಸಾಟಿಕಾ ಕಂಪನಿ ಓಕ್ಲಿಯನ್ನು ಸುಮಾರು 210 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಲುಕ್ಸಾಟಿಕಾವನ್ನು 1961ರಲ್ಲಿ ಸ್ಥಾಪಿಸಿದ ಲಿಯೊನಾರ್ಡೊ ಡೆಲ್ ವೆಕ್ಕಿಯೊ ಮಿಲಾನಿನ ಅನಾಥಾಲಯದಲ್ಲಿ ಬೆಳೆದವನು. ಅವನು ಕಟ್ಟಿದ ಕಂಪನಿ 1999ರಲ್ಲಿಯೇ ರೇ-ಬ್ಯಾನನ್ನು ಕೊಂಡಿತ್ತು. ಅಂಗಡಿಯ ಗಾಜಿನ ಕಪಾಟಿನಲ್ಲಿ ಒಂದಕ್ಕೊಂದು ಪೈಪೋಟಿ ಮಾಡುವಂತೆ ಕಾಣುವ ಹಲವು ಹೆಸರುಗಳು ಒಂದೇ ಮನೆಯ ಮಕ್ಕಳು. ಪ್ರಾಡಾ ಎಂಬ ಫ್ಯಾಷನ್ ಸಂಸ್ಥೆಯ ಕನ್ನಡಕಗಳನ್ನು ಮಾಡಿಕೊಡುವುದೂ ಇದೇ ಮನೆ, ಪ್ರಾಡಾದ್ದು ಹೆಸರಷ್ಟೇ.

ಪ್ರಾಡಾ ಎಂದಾಗ ನಮ್ಮ ಸೀಮೆಯವರ ಕಿವಿ ಈಗ ನೆಟ್ಟಗಾಗುತ್ತದೆ. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನವೊಂದರಲ್ಲಿ ಆ ಸಂಸ್ಥೆ ತನ್ನ ರೂಪದರ್ಶಿಗಳ ಕಾಲಿಗೆ ತೊಡಿಸಿದ್ದು ನಮ್ಮ ಕೊಲ್ಲಾಪುರಿ ಚಪ್ಪಲಿಯನ್ನೇ ಹೋಲುವ ಪಾದರಕ್ಷೆ. ವಿವರಣೆಯಲ್ಲಿ ಇದ್ದದ್ದು ಚರ್ಮದ ಚಪ್ಪಲಿ ಎಂಬ ಮಾತು ಮಾತ್ರ. ಗದ್ದಲವಾಯಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಪತ್ರ ಬರೆಯಿತು. ಪ್ರಾಡಾ ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಹಾಗೂ ಕರ್ನಾಟಕದ ಲಿಡ್ಕರ್ ಎಂಬ ಎರಡು ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದವಾಗಿ, 2,000 ಜೊತೆ ಚಪ್ಪಲಿಗಳನ್ನು ಇಲ್ಲಿಯೇ ಮಾಡಿಸುವ ಸುದ್ದಿ ಬಂತು. ಜೊತೆಯೊಂದಕ್ಕೆ ಸುಮಾರು 800 ಯೂರೊ, ಎಂದರೆ ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರಕ್ಕೂ ಮೇಲೆ.

ಕೊಲ್ಲಾಪುರಿ ಎಂಬ ಹೆಸರಿನ ಕಥೆಯೇನು ಸರಳವೇ? ನಮ್ಮ ಅಥಣಿ, ಮದಭಾವಿ, ನಿಪ್ಪಾಣಿಗಳಲ್ಲಿ ತಲೆಮಾರುಗಳಿಂದ ಚಪ್ಪಲಿ ಮಾಡುತ್ತ ಬಂದ ಮನೆಗಳಿವೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮ, ಮೊಳೆಯಿಲ್ಲದ ಹೊಲಿಗೆ, ಹೆಣೆಯುವ ಕೆಲಸದಲ್ಲಿ ಬಹುಪಾಲು ಹೆಂಗಸರ ಕೈ. ಅಲ್ಲಿ ಮಾಡಿದ ಮಾಲು ಕೊಲ್ಲಾಪುರದ ಪೇಟೆ ಸೇರಿ ಕೊಲ್ಲಾಪುರಿಯಾಯಿತು. 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಹೆಸರು ಮಾತ್ರ ಮೊದಲಿನದೇ. (ಚರ್ಮದ ವಸ್ತುವಿನ ಬಗ್ಗೆ ನಾನು ಇಷ್ಟು ಬರೆಯುವುದು ಕೆಲವು ಓದುಗರಿಗೆ ರುಚಿಸದು. ನನ್ನ ತಾಯಿ ಜೀವಮಾನವಿಡೀ ಚರ್ಮ ಮೆಟ್ಟಲಿಲ್ಲ. ನಾನು ಆ ನೇಮ ಹಿಡಿಯಲಾರದೆ ಹೋದವನು, ಹಿಡಿದಂತೆ ನಟಿಸಲಾರೆ.)

ಮಾಡಿದವರ ಹೆಸರು ಹಿಂದೆ ಸರಿದು ಮಾಡಿಸಿದವರ ಹೆಸರು ಮುಂದೆ ನಿಲ್ಲುವುದು ಇಂದಿನ ವ್ಯಾಪಾರಿಗಳೇ ಕಂಡುಹಿಡಿದ ಉಪಾಯವಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆ ಸಾವಿರ ಪ್ರತಿಗಳಿಗಾಗಿ ಓಲೆಗರಿಯ ಮೇಲೆ ಕಂಠ ಹಿಡಿದು ಬೆನ್ನು ಬಾಗಿಸಿದ ಲಿಪಿಕಾರರಲ್ಲಿ ಒಬ್ಬನನ್ನೂ ನಾವು ಹೆಸರಿಸುವುದಿಲ್ಲ. ದಾನಕ್ಕೂ ಲಾಭಕ್ಕೂ ಇರುವ ಅಂತರವನ್ನು ನಾನು ಮರೆತಿಲ್ಲ. ಹಸ್ತಪ್ರತಿಗಳ ನಡುವೆ ಬದುಕು ಕಳೆದವನಿಗೆ ಈ ಲಿಪಿಕಾರರು ಆಗಾಗ ಎದುರು ಬಂದು ನಿಲ್ಲುತ್ತಾರೆ, ಅಷ್ಟೆ.

ಇಷ್ಟೆಲ್ಲ ವಿಚಾರ ಮಾಡುವ ನಾನು 1979ರಲ್ಲಿ ಏನು ಮಾಡಿದೆ? ಮೊದಲ ಸಂಬಳ ಬಂದ ವಾರವೇ ಮಿರಜಿನ ಅಂಗಡಿಯೊಂದರಲ್ಲಿ ಬಂಗಾರದ ಬಣ್ಣದ ಕಡ್ಡಿಯ ಕಪ್ಪು ಚಾಳೀಸು ಕೊಂಡೆ. ಗಾಜಿನ ಮೂಲೆಯಲ್ಲಿ ಅಮೆರಿಕದ ಹೆಸರಿನ ಅಚ್ಚು. ಆ ಹೆಸರು ಖೋಟಾ ಎಂದು ಅಂಗಡಿಯವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊಟ್ಟದ್ದು 62 ರೂಪಾಯಿ. ಪರಿಗ್ರಹ ಪರಿಮಾಣದ ವ್ರತ ಹಿಡಿದು ಧೋತರ ಇಷ್ಟು, ಅಂಗಿ ಇಷ್ಟು, ಪಾದರಕ್ಷೆ ಒಂದೇ ಜೊತೆ ಎಂದು ಲೆಕ್ಕವಿಟ್ಟಿದ್ದ ತಂದೆಯವರು ಬೆಲೆ ಕೇಳಿದಾಗ "ಹನ್ನೆರಡು ರೂಪಾಯಿ" ಎಂದೆ. "ಕಣ್ಣಿಗಿ ತಂಪ ಆಗತೈತೇನು?" ಎಂದು ಕೇಳಿದರು. ಆಗತೈತಿ ಎಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಅವರು ತೀರಿಕೊಂಡ ಮೇಲೆ ಅವರ ಸ್ವಾಧ್ಯಾಯದ ಪುಸ್ತಕ ತೆರೆದರೆ, ಪುಟದ ಗುರುತಿಗೆಂದು ಮಡಿಸಿಟ್ಟಿದ್ದದ್ದು ಆ ಅಂಗಡಿಯ ಚೀಟಿ. ಎಷ್ಟು ವರ್ಷ ಅದನ್ನು ಪುಟದಿಂದ ಪುಟಕ್ಕೆ ಸರಿಸಿದ್ದರೋ. ನನಗೆ ಒಂದು ಮಾತೂ ಕೇಳಿರಲಿಲ್ಲ.

ಅಳಿಯ ತನ್ನ ಚಾಳೀಸಿನ ಬೆಲೆಯನ್ನು ಮುಚ್ಚಿಡದೆ ಹೇಳಿದ. ಹೇಳಿದ್ದಕ್ಕೆ ನನ್ನಿಂದ ನಗೆಪಾಟಲಾದ.

ಮರುದಿನ ಅವನನ್ನು ನನ್ನ ಕಾರಿನಲ್ಲಿ ಅಥಣಿಗೆ ಕರೆದೊಯ್ದೆ. ಬಹಳ ವರ್ಷಗಳಿಂದ ನಾನು ಚಪ್ಪಲಿ ಕೊಳ್ಳುವ ಮನೆ ಅಲ್ಲಿದೆ. ಹಿರಿಯರು ಅಂಗಳದಲ್ಲಿ ಅಟ್ಟೆ ಕೊಯ್ಯುತ್ತಿದ್ದರು. ಅವರ ಹೆಂಡತಿ ಪಟ್ಟಿ ಹೆಣೆಯುತ್ತಿದ್ದರು. ಪ್ರಾಡಾದ ಸುದ್ದಿ ಅವರಿಗೆ ಮೊಬೈಲಿನಲ್ಲಿ ಎಂದೋ ತಲುಪಿತ್ತು. ಏನನ್ನಿಸುತ್ತದೆಂದು ಕೇಳಿದೆ. "ನಮ್ಮ ಮಾಲಿಗೆ ಮೊದಲಿಂದನೂ ಕೊಲ್ಲಾಪುರದ ಹೆಸರ ಐತ್ರಿ. ಈಗ ಇಟಲೀದ ಬಂದ್ರ ಅದರಾಗ ಹೊಸಾದೇನ ಐತ್ರಿ? ಕೂಲಿ ಎಷ್ಟ ಕೊಡತಾರಂತ ನೋಡೂದ್ರಿ" ಎಂದರು.

ಒಂದು ಜೊತೆ ಆರಿಸಿದೆ. 1,400 ಎಂದರು. ನಾನು 1,200 ಎಂದೆ. ಬಾಯಿಗೆ ಅಭ್ಯಾಸವಾದ ಮಾತು, ತಾನಾಗಿ ಬಂತು. ಕೊನೆಗೆ 1,250ಕ್ಕೆ ಒಪ್ಪಂದವಾಯಿತು. ಅಳಿಯ ಚಾಳೀಸನ್ನು ನೆತ್ತಿಗೇರಿಸಿ ನೋಡುತ್ತ ನಿಂತಿದ್ದ. ಕಾರಿನ ಹತ್ತಿರ ಬಂದಾಗ ಮೆಲ್ಲಗೆ ಹೇಳಿದ: "ಮಾಮಾ, ಪುಣೆದಾಗ ನಾ ಒಂದು ರೂಪಾಯಿನೂ ಕಮ್ಮಿ ಮಾಡ್ರಿ ಅನ್ನಲಿಲ್ರಿ. ಅಲ್ಲಿ ಹಂಗ ಕೇಳಾಕ ಬಾಯೇ ಬರಂಗಿಲ್ಲ."

ನಾನು ತಿರುಗಿ ಹೋಗಿ ಉಳಿದ 150 ರೂಪಾಯಿಗಳನ್ನು ಅವರ ಮುಂದಿಟ್ಟೆ. ಅವರು ನೋಟುಗಳನ್ನು ಎಣಿಸಿ, ಮಡಿಚಿ, ನನ್ನ ಕೈಯಲ್ಲಿಯೇ ಇಟ್ಟರು.

"ಮಾತಾಡಿದ್ದು ಸಾವಿರದ ಎರಡನೂರಾ ಐವತ್ತರೀ ಸರ್" ಎಂದು ಮತ್ತೆ ಅಟ್ಟೆಯ ಕಡೆ ಬಾಗಿದರು. "ಎರಡ ದಿನಾ ಎಣ್ಣಿ ಹಚ್ಚಿ ಇಡ್ರಿ, ಆಮ್ಯಾಲ ಹಾಕೋರಿ. ಇಲ್ಲಾಂದ್ರ ಕಾಲ ಕಡಿತೈತ್ರಿ."